ಏನು ಹಾಕಿದ್ರಿ?

ಬಸವಕಲ್ಯಾಣದ ಕೋಟೆಯ ಮೆಟ್ಟಿಲು ಇಳಿಯುವಾಗ ಅಣ್ಣನ ಮಗಳ ಕೈಯಿಂದ ನನ್ನ ಕ್ಯಾಮೆರಾ ಜಾರಿತು. ಬಿದ್ದದ್ದು ಮೂರೇ ಮೆಟ್ಟಿಲು. ಎತ್ತಿಕೊಂಡು ಆನ್ ಮಾಡಿದರೆ ಲೆನ್ಸ್ ಅರ್ಧ ಹೊರಗೆ ಬಂದು, ಕರ್ ಕರ್ ಅಂತ ಸದ್ದು ಮಾಡಿ, ಅಲ್ಲೇ ನಿಂತುಬಿಟ್ಟಿತು. ಒಳಗೂ ಹೋಗಲ್ಲ, ಹೊರಗೂ ಬರಲ್ಲ. 2011ರಲ್ಲಿ ಮೊದಲ ಸಂಬಳದಲ್ಲಿ ಕೊಂಡಿದ್ದ ಅಂಗೈಯಗಲದ ಕ್ಯಾಮೆರಾ ಅದು. ಈಗ ಇಂಥ ಹಳೇ ಡಿಜಿಕ್ಯಾಮ್‌ಗಳಿಗೆ ಇನ್‌ಸ್ಟಾಗ್ರಾಂ ಹುಡುಗರು ಮತ್ತೆ ಮುಗಿಬಿದ್ದಿದ್ದಾರೆ. ನನ್ನದು ಫ್ಯಾಷನ್ ಅಲ್ಲ, ಬರೀ ಜಿಪುಣತನ.

ಕಂಪನಿಯ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದೆ. 'ಲೆನ್ಸ್ ಯೂನಿಟ್ ಪೂರ್ತಿ ಬದಲಾಯಿಸಬೇಕಾಗುತ್ತೆ ಸರ್, 6,800, ಅದರ ಮೇಲೆ 18% ಜಿಎಸ್‌ಟಿ. ಪಾರ್ಟ್ ಇದೆಯೋ ಇಲ್ವೋ ನೋಡಬೇಕು' ಅಂದರು. ಎಂಟು ಸಾವಿರ ಚಿಲ್ಲರೆ. ಪಕ್ಕದಲ್ಲೇ ಕೂತು ಕೇಳಿಸಿಕೊಂಡ ಕಾಕಾ, 'ಹುಮನಾಬಾದಿಗೆ ಒಯ್ಯೋ, ಬಸ್ ಸ್ಟ್ಯಾಂಡ್ ಬಲ್ಲಿ ಒಬ್ಬಾಂವ ಹಾನ' ಅಂದರು.

ಮರುದಿನ ಬೆಳಗ್ಗೆ ಹನ್ನೊಂದಕ್ಕೆ ಆ ಅಂಗಡಿಯಲ್ಲಿದ್ದೆ. ಮೊದಲು ಫೋಟೊ ಸ್ಟುಡಿಯೋ ಇಟ್ಟಿದ್ದರಂತೆ, ಮದುವೆ ಶೂಟಿಂಗ್ ಮಾಡ್ತಿದ್ದರಂತೆ. ಈಗ ಮೊಬೈಲು, ಮಿಕ್ಸರು, ರಿಮೋಟು, ಏನು ಬಂದರೆ ಅದು. ಬ್ಯಾಟರಿ ತೆಗೆದಿಟ್ಟರೂ ಬೋರ್ಡನ್ನು ಬೆರಳಿಂದ ಮುಟ್ಟಲಿಲ್ಲ. ಫ್ಲ್ಯಾಶ್‌ನ ಕೆಪಾಸಿಟರ್‌ನಲ್ಲಿ ಬ್ಯಾಟರಿ ಇಲ್ಲದೆಯೂ 300 ವೋಲ್ಟ್‌ನಷ್ಟು ಉಳಿದಿರುತ್ತದೆ. ಮೊದಲು ಅದನ್ನು ಇಳಿಸಿದರು. ಎಳ್ಳಿನಷ್ಟು ಚಿಕ್ಕ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಅಂಟು ಟೇಪಿನ ಮೇಲೆ ಸಾಲಾಗಿ ಕೂರಿಸಿದರು. ಆಮೇಲೆ ತಲೆ ಎತ್ತದೇ, 'ನಾಕಕ್ಕ ಬರ್ರಿ' ಅಂದರು. ನಾನು ಮಾಣಿಕನಗರಕ್ಕೆ ಹೋಗಿ ಮಾಣಿಕ ಪ್ರಭುಗಳ ಗುಡಿಯ ನೆರಳಲ್ಲಿ ಕೂತು ಬಂದೆ.

ನಾಲ್ಕಕ್ಕೆ ಲೆನ್ಸ್ ಸರಾಗವಾಗಿ ಒಳಗೆ ಹೊರಗೆ ಆಡುತ್ತಿತ್ತು. ಏಳ್ನೂರು ಅಂದರು. ಕೊಡುತ್ತಾ, ಸುಮ್ಮನೆ ರೂಢಿಗೆ, 'ಏನು ಹಾಕಿದ್ರಿ?' ಅಂತ ಕೇಳಿದೆ.

'ಗೇರ್ ಹೊಸಾದು ಹಾಕೀನ್ರಿ. ಹೈದರಾಬಾದಿಂದ ತರಸ್ಬೇಕಾತು.'

ಬಸ್ಸು ಊರು ದಾಟಿದ ಮೇಲೆ ತಲೆ ಲೆಕ್ಕ ಹಾಕತೊಡಗಿತು. ಹುಮನಾಬಾದಿನಿಂದ ಹೈದರಾಬಾದಿಗೆ ಬಸ್ಸಲ್ಲಿ ಮೂರು ಗಂಟೆಗೆ ಕಡಿಮೆ ಇಲ್ಲ. ಹನ್ನೊಂದಕ್ಕೆ ಬಿಚ್ಚಿದ ಕ್ಯಾಮೆರಾದ ಗೇರು ಕೋಠಿಯ ಗುಜರಾತಿ ಗಲ್ಲಿಯಿಂದ ನಾಲ್ಕರೊಳಗೆ ಬಂದು ಕೂತಿತೆ? ಸಾಧ್ಯವೇ ಇಲ್ಲ. ಎಂಟು ಸಾವಿರದ ಕೆಲಸ ಏಳ್ನೂರಕ್ಕೆ ಆಗಿತ್ತು, ಆದರೂ ಊರು ಸೇರೋತನಕ ಸಿಟ್ಟು ಇಳಿಯಲಿಲ್ಲ. ದುಡ್ಡಿಗಲ್ಲ, ನನ್ನನ್ನು ದಡ್ಡ ಅಂದುಕೊಂಡರಲ್ಲ ಅಂತ.

ನಾಲ್ಕು ದಿನ ಬಿಟ್ಟು ಅವ್ವನ ಫೋನು ಚಾರ್ಜ್ ಆಗ್ತಿಲ್ಲ ಅಂತ ಮತ್ತೆ ಹೋಗಬೇಕಾಯಿತು. ನನಗಿಂತ ಮುಂದೆ ಒಬ್ಬ ಹೆಂಗಸು ನಿಂತಿದ್ದರು. 'ಐಸಿ ಹೋಗ್ಯಾದವ್ವ, ಹೊಸಾದು ಹಾಕೀನಿ' ಅಂದಾಗ ಸೆರಗಿನ ಗಂಟಿಂದ ನೋಟು ಬಿಚ್ಚಿ ಕೊಟ್ಟರು. ಸರದಿ ಬಂದಾಗ ನೇರವಾಗಿ ಕೇಳಿಬಿಟ್ಟೆ, 'ಆ ಗೇರ್ ಹೊಸದಾ ಖರೇನಾ?'

ಅವರು ನಕ್ಕರು. 'ಮುರದಿದ್ದಿಲ್ರಿ. ಜಾಗಾ ಬಿಟ್ಟಿತ್ತು, ಒಳಗ ಉಸುಕು ಸೇರಿತ್ತು. ಸಾಫ್ ಮಾಡಿ ಕೂಡ್ಸೀನಿ. ಹಂಗಂತ ಹೇಳಿದ್ರ ನೀವು ಎಷ್ಟ್ ಕೊಡ್ತಿದ್ರಿ? ನೂರ್ ರೂಪಾಯಿ ಇಟ್ಟು ಹೋಗ್ತಾರ್ರಿ ಮಂದಿ. ಸಾಮಾನ ಹಾಕೀನಿ ಅಂದ್ರ ಏಳ್ನೂರಕ್ಕ ಮಾತೇ ಆಡಾಂಗಿಲ್ಲ.'

ಅಂಥವನಲ್ಲ ನಾನು ಅಂತ ಹೇಳಲು ಬಾಯಿ ತೆರೆದೆ. ಹೇಳಲಾಗಲಿಲ್ಲ. ನಾನು ಕೇಳಿದ್ದು 'ಏನು ಮಾಡಿದ್ರಿ' ಅಂತ ಅಲ್ಲ, 'ಏನು ಹಾಕಿದ್ರಿ' ಅಂತ. ಸುಳ್ಳಿಗೆ ಬೇಕಾದ ಜಾಗ ಪ್ರಶ್ನೆಯಲ್ಲೇ ಇತ್ತು. ಕೂಡಿಸುವುದು ಬರೀ ಐದು ನಿಮಿಷದ ಕೆಲಸ ಅಂದಿದ್ದರೆ ಇನ್ನೂರು ಕೊಟ್ಟು, ಅದೇ ಜಾಸ್ತಿ ಅಂದುಕೊಂಡು ಬರುತ್ತಿದ್ದೆ.

ಈಗ ನನ್ನ ಕಡೆ ನೋಡಿ. ಹೋದ ವರ್ಷ ಒಬ್ಬ ಕ್ಲೈಂಟ್‌ನ ಸಿಸ್ಟಮ್ ಮಧ್ಯರಾತ್ರಿ ನಿಂತಾಗ ನಾನು ಬದಲಿಸಿದ್ದು ಕಾನ್ಫಿಗ್ ಫೈಲಿನ ಒಂದೇ ಒಂದು ಸಾಲು. ಆರು ಗಂಟೆಯ ಬಿಲ್ ಹೋಯಿತು. ಏನು ಹಾಕಿದ್ರಿ ಅಂತ ಯಾರೂ ಕೇಳಲಿಲ್ಲ. ಬೆಂಗಳೂರಿನ ನಮ್ಮ ಕೆಲಸದಲ್ಲಿ ಹಾಕುವ ಸಾಮಾನೇ ಇರಲ್ಲ, ಗೊತ್ತಿರುವುದಕ್ಕೇ ದುಡ್ಡು. ಅದೇ ಗೊತ್ತಿರುವಿಕೆ ಹುಮನಾಬಾದಿನ ಸ್ಟೂಲಿನ ಮೇಲೆ ಕೂತರೆ ಒಂದು ಪ್ಲಾಸ್ಟಿಕ್ ಗೇರಿನ ಹಿಂದೆ ಬಚ್ಚಿಟ್ಟುಕೊಳ್ಳಬೇಕು.

1878ರಲ್ಲಿ ಲಂಡನ್ನಿನ ಕೋರ್ಟಲ್ಲಿ ಇದೇ ವಿಷಯ ಬಂದಿತ್ತು. ವಿಮರ್ಶಕ ರಸ್ಕಿನ್ ತನ್ನ ಚಿತ್ರವನ್ನು ಹೀಗಳೆದ ಅಂತ ಚಿತ್ರಕಾರ ವಿಸ್ಲರ್ ಮಾನನಷ್ಟ ಮೊಕದ್ದಮೆ ಹೂಡಿದ್ದ. ಎರಡು ದಿನದ ಕೆಲಸಕ್ಕೆ 200 ಗಿನಿ ಕೇಳ್ತೀಯಾ ಅಂತ ಎದುರು ವಕೀಲರು ಚುಚ್ಚಿದಾಗ, ಅಲ್ಲ, ಬದುಕೆಲ್ಲ ಕಲಿತದ್ದಕ್ಕೆ ಎಂಬರ್ಥದ ಉತ್ತರ ಕೊಟ್ಟ. ಕೇಸೂ ಗೆದ್ದ. ಪರಿಹಾರ ಸಿಕ್ಕಿದ್ದು ಒಂದು ಫಾರ್ದಿಂಗ್, ಪೆನ್ನಿಯ ಕಾಲು ಭಾಗ! ಮುಂದಿನ ವರ್ಷ ದಿವಾಳಿಯಾದ.

ನಮ್ಮೂರಿನ ಕತೆಯೇ ಬೇಕೆಂದರೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಇದ್ದಾರೆ. ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಅವರ ಕಾಯಕ. ಒಂದು ದಿನ ಮಾರಯ್ಯ ದಿನಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದ್ದನ್ನು ಅಲ್ಲೇ ಸುರಿದು ಬಾ ಅಂತ ಲಕ್ಕಮ್ಮ ವಾಪಸ್ ಕಳಿಸಿದಳಂತೆ. ಶಾಲೆಯಲ್ಲಿ ಇದನ್ನು ಆಸೆ ಪಡಬಾರದು ಅನ್ನೋ ಪಾಠವಾಗಿ ಓದಿದ್ದೆವು. ಈಗ ಬೇರೆಯೇ ಕಾಣ್ತಿದೆ. ಅಕ್ಕಿಗೆ ಅಳತೆ ಇದೆ. ಎಷ್ಟು ಸಾಕು ಅಂತ ಮಡಿಲು ನೋಡಿದರೆ ತಿಳಿಯುತ್ತದೆ. ಇಪ್ಪತ್ತು ವರ್ಷ ಬೆರಳು ಸುಟ್ಟುಕೊಂಡು ಕಲಿತದ್ದಕ್ಕೆ ಸೇರು, ಪಾವು ಎಲ್ಲಿದೆ? ಲಕ್ಕಮ್ಮನಿಗೂ ಇದು ಸುಲಭವಾಗುತ್ತಿರಲಿಲ್ಲ ಅನ್ನಿಸುತ್ತೆ.

ಹಾಗಂತ ಅವರನ್ನು ಪೂರ್ತಿ ಪಾರು ಮಾಡಲು ನನ್ನಿಂದಾಗದು. ನನಗೆ ಹೈದರಾಬಾದಿನ ದೂರ ಗೊತ್ತಿತ್ತು. ಸೆರಗಿನ ಗಂಟು ಬಿಚ್ಚಿದ ಆ ತಾಯಿಗೆ ಐಸಿ ಅಂದರೇನು ಗೊತ್ತಿರಲಾರದು. ಆ ಐಸಿ ನಿಜವಾಗಿ ಹೋಗಿತ್ತೇನೋ. ಅದೇ ನನ್ನ ತಕರಾರು. ಗೇರಿನ ಸುಳ್ಳು ಒಂದು ಸಲ ಹಿಡಿದ ಮೇಲೆ ಐಸಿಯ ನಿಜವನ್ನೂ ನಂಬಲಾಗುತ್ತಿಲ್ಲ. ಕೂಲಿಯನ್ನು ಸಾಮಾನಿನ ಹೆಸರಲ್ಲಿ ವಸೂಲಿ ಮಾಡಿದರೆ ಎಲ್ಲಿ ನಿಲ್ಲಿಸಬೇಕು ಅಂತ ಹೇಳುವವರೂ ಇರುವುದಿಲ್ಲ. ಇಂದು ಏಳ್ನೂರು, ನಾಳೆ ಎರಡು ಸಾವಿರ.

ಇನ್ನು ಆ ಕಂಪನಿ. ಅದು ಒಂದೂ ಸುಳ್ಳು ಹೇಳಿರಲಿಲ್ಲ. ಬಿಲ್ಲಲ್ಲಿ ಲೆನ್ಸ್ ಯೂನಿಟ್ ಅಂತ ಬರೆದು ಲೆನ್ಸ್ ಯೂನಿಟ್ಟನ್ನೇ ಹಾಕುತ್ತಿತ್ತು, ಜಾಗ ಬಿಟ್ಟ ಒಂದು ಗೇರಿಗಾಗಿ ಗಟ್ಟಿಮುಟ್ಟಾದ ಗಾಜು, ಮೋಟರು ಎಲ್ಲ ಕಸಕ್ಕೆ. ಬಿಡಿಭಾಗ, ಮಾಹಿತಿ ಎಲ್ಲರಿಗೂ ಸಿಗಲಿ ಅಂತ 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಸಮಿತಿ ಮಾಡಿದೆ. ಒಳ್ಳೆಯದೇ. ಗೇರು ಸಿಗಬಹುದು. ಗೇರು ಬೇಡ ಅಂತ ಗುರುತಿಸುವ ಕಣ್ಣಿಗೆ ಎಷ್ಟು ಕೊಡಬೇಕು ಅನ್ನೋದನ್ನು ಯಾವ ಸಮಿತಿ ಹೇಳೀತು?

ಅವ್ವನ ಫೋನಿನ ಚಾರ್ಜಿಂಗ್ ಜಾಗದಲ್ಲಿ ಅರಳೆ, ಧೂಳು ತುಂಬಿತ್ತು. ಸೂಜಿಯಿಂದ ತೆಗೆದು, ಒಳಗೆ ಬಿಟ್ಟುಕೊಂಡಿದ್ದ ಒಂದು ಕಾಲಿಗೆ ಬೆಸುಗೆ ಹಾಕಿದರು. ನಾನು ಏನೂ ಕೇಳಲಿಲ್ಲ, ನಾಲ್ಕುನೂರು ಇಟ್ಟೆ, ಚೀಟಿಯಲ್ಲಿ ಬರೀ ಕೂಲಿ ಅಂತ ಬರೀರಿ ಅಂದೆ. ಅವರು ಒಮ್ಮೆ ನನ್ನ ಮುಖ ನೋಡಿದರು. 'ಕೂಲಿ ಅಂತ ಬರೆದ್ರ ಮನ್ಯಾಗ ಬೈತಾರ್ರಿ ನಿಮಗ' ಅಂತ ನಗುತ್ತಲೇ ಬರೆದುಕೊಟ್ಟರು.

ಮನೆ ಮುಟ್ಟಿ ಚಪ್ಪಲಿ ಬಿಡುವ ಮೊದಲೇ ಕಾಕಾ ಕೇಳಿದರು, 'ಎಷ್ಟ್ ತಗೊಂಡಾ?'

'ನಾಕ್ನೂರು.'

'ನಾಕ್ನೂರಾ? ಏನ್ ಹಾಕ್ಯಾನ?'

ಚೀಟಿ ಜೇಬಲ್ಲೇ ಇತ್ತು.

'ಚಾರ್ಜಿಂಗ್ ಪಿನ್ ಹೊಸಾದು ಹಾಕ್ಯಾರ, ಕಾಕಾ' ಅಂದೆ.

'ಹಂಗಾದ್ರ ಅಗ್ಗೇ ಆಯ್ತು ಬಿಡು.'