ಒಂದು ಅಂಕದ ಸರ್ವನಾಮ

ಮಂಗಳೂರಿನಲ್ಲಿ ಡಿಗ್ರಿಗೆ ಅರ್ಜಿ ತುಂಬುವವರಿಗೆ ಫಾರಂನಲ್ಲಿ ಒಂದು ಸಣ್ಣ ಕಾಲಂ ಸಿಗುತ್ತೆ. ಎರಡನೇ ಭಾಷೆ ಯಾವುದು? ಕನ್ನಡ, ಹಿಂದಿ, ಸಂಸ್ಕೃತ, ಕೆಲವು ಕಾಲೇಜುಗಳಲ್ಲಿ ಫ್ರೆಂಚ್. ಬಿಎ ಮಾಡೋದಾ ಬಿಕಾಂ ಮಾಡೋದಾ ಅಂತ ಮನೆಮಂದಿಯೆಲ್ಲ ಕೂತು ತಿಂಗಳುಗಟ್ಟಲೆ ಚರ್ಚೆ ಮಾಡಿದವರೂ ಈ ಕಾಲಂಗೆ ಬಂದಾಗ ಕೇಳೋದು ಒಂದೇ ಪ್ರಶ್ನೆ: ಯಾವುದು ಸ್ಕೋರಿಂಗ್?

ಫ್ರೆಂಚ್ ಸ್ಕೋರಿಂಗ್ ಅನ್ನುವ ಮಾತು ಬಹಳ ಹಿಂದಿನಿಂದಲೂ ಇದೆ. ಎಲ್ಲರೂ ಸೊನ್ನೆಯಿಂದ ಶುರು ಮಾಡುವ ಭಾಷೆ. ಹಾಗಾಗಿ ಪಾಠವೂ 'ನನ್ನ ಹೆಸರು ಇಂಥದ್ದು, ನಾನು ಇಂಥ ಊರಿನವಳು' ಅನ್ನುವಲ್ಲಿಂದ ಶುರುವಾಗುತ್ತೆ. ಪಕ್ಕದ ಕನ್ನಡ ಕ್ಲಾಸಿನವರು ಅದೇ ಹೊತ್ತಿಗೆ ಪಂಪನ ಪದ್ಯಕ್ಕೆ ಭಾವಾರ್ಥ ಬರೀತಾ ಇರ್ತಾರೆ. ಕೊನೆಗೆ ಎರಡೂ ಅಂಕಗಳು ಒಂದೇ ಮಾರ್ಕ್ಸ್ ಕಾರ್ಡಿನಲ್ಲಿ ಅಕ್ಕಪಕ್ಕದ ಮನೆಯವರ ಹಾಗೆ ಕೂತುಕೊಳ್ಳುತ್ತವೆ.

ನನ್ನ ಅಕ್ಕನ ಮಗಳು ಹೋದ ವರ್ಷ ಫ್ರೆಂಚ್ ತಗೊಂಡಳು. ಸುದ್ದಿ ಗೊತ್ತಾದ ದಿನ ಫ್ಯಾಮಿಲಿ ಗ್ರೂಪಿನಲ್ಲಿ ಒಬ್ಬ ಭಾವ 'ಕನ್ನಡ ಯಾಕೆ ಬೇಡವಾಯ್ತಂತೆ?' ಅಂತ ಹಾಕಿದರು. ಆ ಪ್ರಶ್ನೆಯನ್ನು ನಾನು ಹಗುರಾಗಿ ತೆಗೆದುಕೊಳ್ಳಲ್ಲ. 2021ರಲ್ಲಿ ರಾಜ್ಯ ಸರ್ಕಾರ ಪದವಿ ತರಗತಿಗಳಲ್ಲಿ ಕನ್ನಡ ಕಡ್ಡಾಯ ಅಂತ ಆದೇಶ ಮಾಡಿತ್ತು. ಅದು ಹೈಕೋರ್ಟಿಗೆ ಹೋಗಿ, ಡಿಸೆಂಬರಿನಲ್ಲಿ ಒತ್ತಾಯ ಮಾಡುವಂತಿಲ್ಲ ಅಂತ ಮಧ್ಯಂತರ ಆದೇಶ ಬಂತು. ಕಾನೂನಿನ ಮಾತು ಕೋರ್ಟಿಗಿರಲಿ. ಭಾವ ಕೇಳಿದ್ದು ಕಾನೂನಿನ ಪ್ರಶ್ನೆಯೇ ಅಲ್ಲ. ಆಯ್ಕೆ ಇದ್ದಾಗಲೂ ತನ್ನ ಭಾಷೆ ಬಿಟ್ಟು ಬೇರೆಯದನ್ನು ಓದುವುದು ಸರಿಯಾ ಅಂತ.

ಆದರೆ 'ತನ್ನ ಭಾಷೆ' ಅಂದರೆ ಯಾವುದು ಮಾರಾಯ್ರೆ? ನಮ್ಮದು ಬೆಳ್ತಂಗಡಿ ಕಡೆಯ ಹಳ್ಳಿ. ಮನೆಯಲ್ಲಿ ತುಳು. ನನಗೆ ಕನ್ನಡ ಸಿಕ್ಕಿದ್ದು ಒಂದನೇ ಕ್ಲಾಸಿನಲ್ಲಿ, ಸ್ಲೇಟಿನ ಜೊತೆ. ಮಂಗಳೂರಲ್ಲಿ ಹಂಪನಕಟ್ಟೆಯಿಂದ ಲಾಲ್‌ಬಾಗಿಗೆ ಹೋಗುವ ಸಿಟಿ ಬಸ್ಸಿನಲ್ಲಿ ನಿಂತರೆ ತುಳು, ಕೊಂಕಣಿ, ಬ್ಯಾರಿ, ಮಲಯಾಳಂ ಎಲ್ಲ ಕಿವಿಗೆ ಬೀಳುತ್ತೆ. ಕನ್ನಡ ಬರೋದು ಬೋರ್ಡಿನಲ್ಲಿ, ಪೇಪರಿನಲ್ಲಿ, ಯಕ್ಷಗಾನದಲ್ಲಿ. ನಾವು ಕನ್ನಡವನ್ನು ಪ್ರೀತಿಸುವುದು ಕಲಿತು ಪ್ರೀತಿಸಿದ ಪ್ರೀತಿ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ತಂದೆ ತೀರಿಕೊಂಡಿದ್ದರಿಂದ ಅವರಿಗೆ ಬಿಎ ಪೂರ್ತಿ ಮಾಡಲಾಗಲಿಲ್ಲ. ಆದರೂ ಊರಲ್ಲೇ ಕೂತು ಇಪ್ಪತ್ತಕ್ಕೂ ಹೆಚ್ಚು ಭಾಷೆ ಕಲಿತಿದ್ದರು ಅಂತಾರೆ, ಅದರಲ್ಲಿ ಫ್ರೆಂಚೂ ಒಂದು. 1949ರಲ್ಲಿ ಮದ್ರಾಸ್ ಸರ್ಕಾರ ಅವರನ್ನು ರಾಷ್ಟ್ರಕವಿ ಅಂತ ಗೌರವಿಸಿದ್ದು ಕನ್ನಡ ಕವಿಯಾಗಿ. ಅಷ್ಟು ಭಾಷೆ ಕಲಿತದ್ದರಿಂದ ಅವರ ಕನ್ನಡಕ್ಕೆ ಏನೂ ಕಡಿಮೆಯಾದ ಹಾಗೆ ಕಾಣಲ್ಲ.

ಹಾಗಾಗಿ ದ್ರೋಹದ ಮಾತು ನನಗೆ ಒಪ್ಪಿಗೆಯಿಲ್ಲ. ಅಂಕಕ್ಕಾಗಿ ಕಲಿಯುವುದು ಕೀಳು ಅನ್ನುವುದನ್ನೂ ಪೂರ್ತಿ ಒಪ್ಪಲ್ಲ. ಜರ್ಮನಿಯ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನವರಾಗಿ ಬಂದದ್ದು ಧರ್ಮಪ್ರಚಾರಕ್ಕೆ, ಕನ್ನಡದ ಮೇಲಿನ ಮೋಹಕ್ಕಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟು ಮಾತ್ರ, ಸುಮಾರು 70,000 ಪದಗಳ ಜೊತೆ, ಇವತ್ತಿಗೂ ನಮ್ಮ ಕೈಯಲ್ಲಿದೆ. ಬಂದ ಉದ್ದೇಶ ಒಂದು, ಉಳಿದದ್ದು ಇನ್ನೊಂದು. ನಾವು ಸಾಫ್ಟ್‌ವೇರಿನವರು ಇದನ್ನು ಬಲ್ಲೆವು. ಬಿಇ ಓದುವಾಗ ನಮಗೆ ಭಾಷೆ ಅಂದರೆ ಸಿ, ಜಾವಾ. ಪ್ಲೇಸ್‌ಮೆಂಟಿಗಾಗಿ ಕಲಿತೆವು, ಆಮೇಲೆ ಕೆಲವರಿಗೆ ಅದರಲ್ಲಿ ನಿಜವಾಗಿಯೂ ರುಚಿ ಹತ್ತಿತು.

ನನಗೆ ಕಿರಿಕಿರಿಯಾಗುವುದು ಬೇರೆ ಕಡೆ. ಪಿಯುಸಿಗೆ ನಾನು ಹಳ್ಳಿಯ ಕನ್ನಡ ಮೀಡಿಯಂ ಶಾಲೆಯಿಂದ ಮಂಗಳೂರಿನ ಒಂದು ಕಾಲೇಜಿಗೆ ಬಂದೆ. ಫಿಸಿಕ್ಸ್, ಮ್ಯಾಥ್ಸ್ ಕ್ಲಾಸಿನಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತಿದ್ದೆವು. ಭಾಷೆಯ ಪೀರಿಯಡ್ ಬೆಲ್ ಹೊಡೆದ ಕೂಡಲೇ ಕ್ಲಾಸು ಒಡೆಯುತ್ತಿತ್ತು. ಸ್ಕೂಟರಿನಲ್ಲಿ ಬರುವವರು, ಅಪ್ಪ ಡಾಕ್ಟರು, ಇಂಜಿನಿಯರು ಆಗಿದ್ದವರು ಒಂದು ರೂಮಿಗೆ. ಬಸ್ ಪಾಸಿನವರು, ಬುತ್ತಿ ತಂದವರು, ಹಾಸ್ಟೆಲಿನವರು ಇನ್ನೊಂದು ರೂಮಿಗೆ. ಯಾರೂ ಯಾರನ್ನೂ ತಳ್ಳಿದ್ದಲ್ಲ, ಎಲ್ಲರೂ ತಾವೇ ಟಿಕ್ ಹಾಕಿದ್ದು. ಆದರೂ ಕಾರಿಡಾರಿನಲ್ಲಿ ನಿಂತು ನೋಡಿದರೆ ಯಾರ ಮನೆ ಎಂಥದ್ದು ಅಂತ ಹೇಳಬಹುದಿತ್ತು. ಸಿಇಟಿಗೆ ಭಾಷೆಯ ಅಂಕ ಲೆಕ್ಕಕ್ಕಿಲ್ಲ, ಹಾಗಾಗಿ ನನಗೇನೂ ನಷ್ಟವಾಗಲಿಲ್ಲ. ಒಟ್ಟು ಪರ್ಸೆಂಟೇಜ್ ನೋಡಿ ಕರೆಯುವ ಕಡೆ ಮಾತ್ರ ಆ ಎರಡು ರೂಮಿನ ವ್ಯತ್ಯಾಸ ಎಣಿಕೆಗೆ ಬರುತ್ತೆ. ಕನ್ನಡ ಓದಿದ ಹುಡುಗನಿಗೆ ಪ್ರೀತಿಯೂ ಸಿಕ್ಕಿತು, ಎಂಟು ಹತ್ತು ಅಂಕ ಕಮ್ಮಿಯೂ ಸಿಕ್ಕಿತು. ಇದು ನ್ಯಾಯವಾ? ಫ್ರೆಂಚ್ ತಗೊಂಡವಳ ತಪ್ಪಂತೂ ಅಲ್ಲ. ಕನ್ನಡ ತಗೊಂಡವನ ತಪ್ಪು ಹೇಗಾದೀತು?

ಇನ್ನೊಂದು ಅಡ್ಡಮಾತು. ಅವಳ ಪುಸ್ತಕದಲ್ಲಿ 'ಸಂಸ್ಕೃತಿ' ಅಂತ ಇರುವುದೆಲ್ಲ ಪ್ಯಾರಿಸ್ಸು, ಚೀಸು, ಜುಲೈ 14. ಓದಲಿ, ಬೇಡ ಅನ್ನಲ್ಲ. ಆದರೆ ಮಂಗಳೂರಿನಿಂದ ಕೋಝಿಕ್ಕೋಡಿಗೆ ಹೋಗುವ ರೈಲು ಹತ್ತಿದರೆ ದಾರಿಯಲ್ಲೇ ಮಾಹೆ ಸ್ಟೇಷನ್ ಬರುತ್ತೆ, 1954ರ ತನಕ ಫ್ರೆಂಚರ ಆಡಳಿತದಲ್ಲಿದ್ದ ಊರು. ಅಷ್ಟು ದೂರವೂ ಬೇಡ. 1783ರಲ್ಲಿ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಜೊತೆ ಒಂದು ಫ್ರೆಂಚ್ ಪಡೆಯೂ ಇತ್ತು. ಯುರೋಪಿನಲ್ಲಿ ಫ್ರಾನ್ಸಿಗೂ ಇಂಗ್ಲೆಂಡಿಗೂ ಸಂಧಿಯಾದ ಸುದ್ದಿ ಇಲ್ಲಿಗೆ ತಲುಪಿದ್ದೇ ತಡ, ಅವರು ಯುದ್ಧ ನಿಲ್ಲಿಸಿ ಪಕ್ಕಕ್ಕೆ ಸರಿದರು. ಟಿಪ್ಪು ಒಬ್ಬನೇ ಮುಂದುವರಿಸಬೇಕಾಯಿತು. ಆಮೇಲೆ 1784ರ ಮಾರ್ಚಿನಲ್ಲಿ ಆದದ್ದೇ ಮಂಗಳೂರು ಒಪ್ಪಂದ. ತನ್ನ ರಾಜನ ಮಾತಿಗೂ ಪಕ್ಕದಲ್ಲಿ ನಿಂತ ಗೆಳೆಯನಿಗೂ ನಡುವೆ ಸಿಕ್ಕಿಕೊಂಡವನು ಏನು ಮಾಡಬೇಕು? ನಾನಾಗಿದ್ದರೆ ಚೀಸಿನ ಪಾಠ ಒಂದು ಕಮ್ಮಿ ಮಾಡಿ ಇದನ್ನು ಸೇರಿಸುತ್ತಿದ್ದೆ.

ಈಗ ಅಸಲು ವಿಷಯ. ಫ್ರೆಂಚಿನಲ್ಲಿ ಎದುರಿಗಿರುವವರಿಗೆ ಎರಡು ಸರ್ವನಾಮ. ಗೆಳೆಯರಿಗೆ, ಮಕ್ಕಳಿಗೆ, ಮನೆಯವರಿಗೆ 'ತ್ಯು'. ಅಪರಿಚಿತರಿಗೆ, ಹಿರಿಯರಿಗೆ, ಆಫೀಸಿನಲ್ಲಿ ಸಲುಗೆ ಇಲ್ಲದವರಿಗೆ 'ವು'. ಬಹುವಚನಕ್ಕೂ ಅದೇ 'ವು', ನಮ್ಮ 'ನೀವು' ಇದ್ದ ಹಾಗೆ. ಇಂಗ್ಲಿಷ್ ಒಂದೇ ಗೊತ್ತಿರುವವರಿಗೆ ಇದು ತಲೆನೋವು. ನಮ್ಮ ಮಕ್ಕಳಿಗೆ ನೀರು ಕುಡಿದಷ್ಟು ಸುಲಭ. ಕನ್ನಡದಲ್ಲಿ ನೀನು, ನೀವು. ತುಳುವಿನಲ್ಲಿ ಈ, ಈರ್. ಕೊಂಕಣಿಯವರಿಗಂತೂ 'ತೂಂ' ಅನ್ನುವುದು 'ತ್ಯು'ವಿನ ದೂರದ ನೆಂಟನೇ. ಪರೀಕ್ಷೆಯಲ್ಲಿ ಇದಕ್ಕೆ ಬಿಟ್ಟ ಸ್ಥಳ ತುಂಬಿರಿ ಅಂತ ಪ್ರಶ್ನೆ, ಒಂದು ಅಂಕ. ಎದುರಿಗೆ ಡಾಕ್ಟರಿದ್ದರೆ 'ವು', ತಮ್ಮನಿದ್ದರೆ 'ತ್ಯು'. ಮುಗೀತು.

ಬದುಕಿನಲ್ಲಿ ಅದು ಅಷ್ಟು ಸುಲಭಕ್ಕೆ ಮುಗಿಯಲ್ಲ. ನನ್ನ ಟೀಮಿಗೆ ಫ್ರಾನ್ಸಿನ ಕ್ಲೈಂಟ್ ಇದ್ದಾರೆ. ಅವರವರೇ ಮಾತಾಡುವಾಗ 'ತ್ಯು', ನಮ್ಮ ಕಡೆ ತಿರುಗಿದರೆ ಇಂಗ್ಲಿಷಿನ 'ಯೂ'. ಆ 'ಯೂ' ನನಗೆ ಬಹಳ ಇಷ್ಟ. ನನ್ನ ಮ್ಯಾನೇಜರಿಗೂ ಅದೇ, ಅವರ ಮ್ಯಾನೇಜರಿಗೂ ಅದೇ. ಹಳ್ಳಿಯಿಂದ ಬಂದವನಿಗೆ ಅದು ಎಂಥ ಬಿಡುಗಡೆ ಅಂತ ನಗರದಲ್ಲೇ ಹುಟ್ಟಿದವರಿಗೆ ವಿವರಿಸುವುದು ಕಷ್ಟ. ಫ್ರೆಂಚಿನಲ್ಲಿ 'ತ್ಯು' ಅಂತ ಕರೆಯುವುದಕ್ಕೇ ಒಂದು ಕ್ರಿಯಾಪದ ಇದೆ. ಇಬ್ಬರಲ್ಲಿ ಒಬ್ಬರು ಮುಂದಾಗಿ 'ಇನ್ನು ತ್ಯು ಅಂತಲೇ ಮಾತಾಡೋಣವಾ?' ಅಂತ ಕೇಳುವ ರಿವಾಜೂ ಇದೆ. ನಮ್ಮಲ್ಲಿ? 'ಏಕವಚನದಲ್ಲಿ ನಿಂದಿಸಿದ' ಅಂತ ಪೇಪರಿನಲ್ಲಿ ಬರುತ್ತಲ್ಲ, ಅದೇ. ಸರ್ವನಾಮವೇ ಬೈಗುಳ ಆಗಬಲ್ಲ ಭಾಷೆ ನಮ್ಮದು.

ನನ್ನ ಅಜ್ಜ ಗೇಣಿ ಒಕ್ಕಲು. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಡಿಕ್ಲರೇಷನ್ ಹಾಕಿ, ಉಳುತ್ತಿದ್ದ ಎರಡು ಎಕರೆ ಅವರ ಹೆಸರಿಗೆ ಆಯಿತು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳ ಕಥೆ ಇದು. ನಾನು ಬಿಇ ಓದಿದ್ದೂ ಆ ಎರಡು ಎಕರೆಯ ಅಡಿಕೆಯಿಂದ. ಆರ್‌ಟಿಸಿಯಲ್ಲಿ ಹೆಸರು ಬದಲಾಯಿತು, ಆದರೆ ಅಜ್ಜ ಕೊನೆಯ ತನಕ ದನಿಗಳ ಮನೆಯ ಹತ್ತು ವರ್ಷದ ಹುಡುಗನಿಗೂ 'ಈರ್' ಅಂತಲೇ ಅನ್ನುತ್ತಿದ್ದರು. ಆ ಹುಡುಗ ಅಜ್ಜನಿಗೆ 'ಈ' ಅನ್ನುತ್ತಿದ್ದ. ದ್ವೇಷದಿಂದ ಅಲ್ಲ, ಅವನಿಗೆ ತುಳು ಕಲಿಸಿದವರು ಹಾಗೇ ಕಲಿಸಿದ್ದು. ಸರ್ಕಾರಕ್ಕೆ ಭೂಮಿ ಕೊಡಿಸಲು ಸಾಧ್ಯವಾಯಿತು, ಒಂದು 'ರ್' ಕೊಡಿಸಲು ಆಗಲಿಲ್ಲ.

ಫ್ರೆಂಚರು ಅದನ್ನೂ ಪ್ರಯತ್ನ ಮಾಡಿ ನೋಡಿದ್ದಾರೆ. ಕ್ರಾಂತಿಯ ಕಾಲದಲ್ಲಿ, 1793ರ ಸುಮಾರಿಗೆ, ಎಲ್ಲರೂ ಎಲ್ಲರನ್ನೂ 'ತ್ಯು' ಅಂತಲೇ ಕರೆಯಬೇಕು, 'ವು' ಅನ್ನುವುದು ಹಳೇ ಊಳಿಗಮಾನ್ಯದ ವಾಸನೆ ಅಂತ ಒಂದು ಗುಂಪು ಹಠ ಹಿಡಿಯಿತು. ಕೆಲವು ಕಾಲ ಸರ್ಕಾರಿ ಕಾಗದಗಳಲ್ಲೂ 'ತ್ಯು' ನಡೆಯಿತು. ಕೆಲವೇ ವರ್ಷಗಳಲ್ಲಿ 'ವು' ತಿರುಗಿ ಬಂತು. ಅಕ್ಕನ ಮಗಳಿಗೆ ಇದನ್ನು ಹೇಳಿದಾಗ ಅವಳು ಕೇಳಿದ್ದು ಸರಿಯಾಗಿಯೇ ಇತ್ತು: 'ಅವ್ರು ಎಲ್ಲರನ್ನೂ ಕೆಳಗೆ ಯಾಕೆ ಇಳಿಸಿದ್ರು ಮಾಮ? ಎಲ್ಲರನ್ನೂ ಮೇಲೆ ಹತ್ತಿಸಬಹುದಿತ್ತಲ್ಲ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲ್ಲರಿಗೂ 'ವು' ಅಂದರೆ ಗೆಳೆತನ ಎಲ್ಲಿ ಇಡೋದು ಅಂತ ಏನೋ ಹೇಳಿದೆ.

ಪರೀಕ್ಷೆಗೆ ಓದುವಾಗ ಅವಳು ನೆನಪಿಗೆ ಅಂತ ಒಂದು ಚಾರ್ಟ್ ಮಾಡಿದಳು. ಎಡಗಡೆ ನಮ್ಮೂರಿನ ಜನ, ಬಲಗಡೆ 'ತ್ಯು' ಅಥವಾ 'ವು'. ಅಪ್ಪ, ಅಮ್ಮ, ಟೀಚರ್, ಅಂಗಡಿಯವರು, ಕಂಡಕ್ಟರ್. ತೆಂಗಿನಕಾಯಿ ಕೀಳಲು ಬರುವವರ ಹತ್ತಿರ ಬಂದಾಗ ಪೆನ್ನು ನಿಂತಿತು. ಅವರಿಗೆ ಅರವತ್ತರ ಮೇಲೆ ವಯಸ್ಸು. ಪುಸ್ತಕದ ನಿಯಮದ ಪ್ರಕಾರ ಯಾವ ಅನುಮಾನವೂ ಇಲ್ಲದೆ 'ವು'. ನಮ್ಮ ಮನೆಯಲ್ಲಿ ಮಕ್ಕಳೂ ಅವರನ್ನು 'ಈ' ಅಂತ ಕರೆದೇ ರೂಢಿ. ಅಜ್ಜನಿಗೆ ಆ ಹುಡುಗ ಏನು ಅನ್ನುತ್ತಿದ್ದನೋ ಅದನ್ನೇ ಎರಡು ಎಕರೆ ಬಂದ ಮೇಲೆ ನಾವು ಇನ್ನೊಬ್ಬರಿಗೆ ಅನ್ನುತ್ತಾ ಬಂದಿದ್ದೇವೆ.

ಇಂಥ ಜಾಗದಲ್ಲಿ ಕರಾವಳಿಯವರಿಗೆ ಒಂದು ಉಪಾಯ ಗೊತ್ತು, ನಾನೂ ಅದನ್ನೇ ಬಳಸುವುದು. ಸರ್ವನಾಮವೇ ಬಾರದ ಹಾಗೆ ಮಾತಾಡುವುದು. 'ವಣಸ್ ಆಂಡಾ?' ಊಟ ಆಯ್ತಾ? ಯಾರದ್ದು ಅಂತ ಹೇಳಬೇಕಾಗಿಲ್ಲ. ಫ್ರೆಂಚಿನಲ್ಲಿ ಈ ಕಳ್ಳದಾರಿ ಅಷ್ಟು ಸುಲಭಕ್ಕೆ ಸಿಗಲ್ಲ. ಊಟ ಮಾಡಿದ್ದು 'ತ್ಯು'ವೋ 'ವು'ವೋ ಅಂತ ಬಾಯಿ ಬಿಟ್ಟು ಹೇಳಬೇಕು. ಹುಡುಗಿಗೆ ಅದೇ ಅಭ್ಯಾಸವಾಗಿತ್ತೋ ಏನೋ, ಮುಂದಿನ ಸಲ ಅವರು ಬಂದಾಗ ನೇರವಾಗಿ 'ಈರ್' ಅಂದಳು.

ಅವರು ಗಾಬರಿಯಾದರು. 'ಎಂತ ಮಗಾ, ನನ್ನಿಂದ ಏನಾದ್ರೂ ತಪ್ಪಾಯ್ತಾ?' ಅಂತ ತುಳುವಿನಲ್ಲಿ ಕೇಳಿದರಂತೆ. ಅಲ್ಲೇ ಇದ್ದ ನನ್ನ ಅಮ್ಮನಿಗೆ ಸಿಟ್ಟು ಬಂತು. ಅವನಿಗೇ ಕಸಿವಿಸಿ ಆಗುವ ಮರ್ಯಾದೆ ಯಾಕೆ ಕೊಡೋದು, ನಿನ್ನ ಪಾಠ ಕಾಲೇಜಿನಲ್ಲಿ ಇರಲಿ ಅಂತ. ಅಮ್ಮನ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಗೌರವ ಅಂದರೆ ಎದುರಿನವರಿಗೆ ಸಮಾಧಾನ ಆಗಬೇಕು ತಾನೆ? ಕೊಟ್ಟವಳಿಗೆ ನೆಮ್ಮದಿ, ತಗೊಂಡವರಿಗೆ ಮುಜುಗರ ಆದರೆ ಅದು ಯಾರಿಗಾಗಿ ಕೊಟ್ಟ ಗೌರವ? ಆದರೆ ಅದೇ ತರ್ಕ ಹಿಡಿದರೆ ಅಜ್ಜನಿಗೂ ಕೊನೆಯ ತನಕ 'ಈ' ಅನ್ನುವುದೇ ಸರಿ ಅಂತಾಗುತ್ತೆ. ಅಜ್ಜನಿಗೂ ಅದರಿಂದ ಏನೂ ತೊಂದರೆ ಇದ್ದ ಹಾಗೆ ಕಾಣಿಸುತ್ತಿರಲಿಲ್ಲ. ಕಾಣಿಸದೆ ಇದ್ದದ್ದು ಎಷ್ಟಿತ್ತೋ, ಕೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಅವಳು ಬಿಡಲಿಲ್ಲ. ಪ್ರತಿ ಸಲವೂ 'ಈರ್'. ಜೊತೆಗೆ ತನಗೆ 'ಈರ್' ಅನ್ನಬೇಡಿ, 'ಈ' ಅಂದರೆ ಸಾಕು ಅಂತಲೂ ಹೇಳಿದ್ದಾಳೆ. ಅವರು ಇಲ್ಲಿಯವರೆಗೆ ಅವಳನ್ನು ಹಾಗೆ ಕರೆದಿಲ್ಲ, ಮೊದಲಿನ ಹಾಗೆ 'ಈರ್' ಅಂತಲೂ ಅನ್ನುತ್ತಿಲ್ಲ. ಹೋದ ತಿಂಗಳು ಬಂದವರು ಮರದ ಮೇಲಿಂದ 'ಬೊಂಡ ಬೋಡಾ?' ಅಂತ ಕೂಗಿ ಕೇಳಿದರಂತೆ. ಎಳನೀರು ಬೇಕಾ? ಯಾರಿಗೆ ಅಂತ ಹೇಳಲಿಲ್ಲ. ಅವಳು ಬೇಕು ಅಂದಳು, ಅವರು ಎರಡು ಕೆಳಗಿಳಿಸಿದರು.