ತಮ್ಮನಿಗೆ ಹಾಕಿದ್ದ ಸದ್ದಿಲ್ಲದ ರಿಂಗ್‌ಟೋನ್



ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ಕಳೆದ ಭಾನುವಾರ ನಾವು ವೇದನೆಯ ಬಗ್ಗೆ ಓದಿದೆವು. ಇಲ್ಲಿ ವೇದನೆ ಎಂದರೆ ನೋವು ಎಂದಲ್ಲ. ಹಿತ, ಅಹಿತ, ಎರಡೂ ಅಲ್ಲದ್ದು ಎಂಬ ಮೂರು ಬಗೆಯ ಅನುಭವ. ಆಗ ನಮ್ಮ ಹಿರಿಯ ಉಪಾಸಿಕೆಯೊಬ್ಬರು ಕೇಳಿದರು: "ಮೇಡಂ, ಇದೆಲ್ಲ ಕಣ್ಣು ಮುಚ್ಚಿ ಕೂತಾಗ ಸರಿ. ಒಲೆ ಮುಂದೆ ನಿಂತಾಗ ವೇದನೆ ಎಲ್ಲಿ ಕಾಣ್ತದೆ?" ನಾನು ಆಗ ಏನೋ ಒಂದು ಉತ್ತರ ಹೇಳಿದೆ, ಅವರಿಗೂ ಒಪ್ಪಿಗೆಯಾಗಲಿಲ್ಲ, ನನಗೂ ಆಗಲಿಲ್ಲ. ನಿಜವಾದ ಉತ್ತರ ನನ್ನ ಬ್ಯಾಗಿನಲ್ಲೇ ಇತ್ತು, ಫೋನ್ ಒಳಗೆ. ಹೇಳಲು ನಾಚಿಕೆಯಾಗಿತ್ತು.

ಎರಡು ವರ್ಷದ ಹಿಂದೆ ನನ್ನ ಮಗ ಒಂದು ವಿದ್ಯೆ ಕಲಿಸಿದ. ಕಾಂಟ್ಯಾಕ್ಟ್ಸ್ ತೆರೆದು ಒಬ್ಬರ ಹೆಸರು ಒತ್ತಿ, ಮೇಲಿನ ಮೂರು ಚುಕ್ಕೆ ಒತ್ತಿದರೆ 'ಸೆಟ್ ರಿಂಗ್‌ಟೋನ್' ಬರುತ್ತದೆ. ಅವರಿಗೆ ಮಾತ್ರ ಬೇರೆ ಸದ್ದು ಇಡಬಹುದು. (ಐಫೋನ್ ಇದ್ದವರಿಗೆ ಇದು ಎಡಿಟ್ ಒಳಗೆ ಇರುತ್ತದೆ. ನಂಬರ್ ಸಿಮ್‌ನಲ್ಲಿ ಸೇವ್ ಆಗಿದ್ದರೆ ಬಹಳ ಫೋನ್‌ಗಳಲ್ಲಿ ಆಗುವುದಿಲ್ಲ, ಫೋನ್‌ಗೋ ಗೂಗಲ್ ಖಾತೆಗೋ ವರ್ಗಾಯಿಸಬೇಕು. ಯಾರಾದರೂ ಕೇಳುತ್ತೀರಿ ಎಂದು ಮೊದಲೇ ಹೇಳಿದೆ.) ಹೊಸ ಆಟಿಕೆ ಸಿಕ್ಕ ಹಾಗಾಯಿತು. ನಮ್ಮವರಿಗೆ ಕೊಳಲು. ಅವ್ವನಿಗೆ ಜೋರಾದ ಗಂಟೆ. ಮುಖ್ಯೋಪಾಧ್ಯಾಯರಿಗೆ, ಇಲಾಖೆಯವರಿಗೆ ಪೊಲೀಸ್ ಸೈರನ್ ತರಹದ್ದೊಂದು. ನನ್ನ ತಮ್ಮನಿಗೆ, ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುತ್ತದಲ್ಲ, 'ಸೈಲೆಂಟ್', ಅದು.

ಯಾಕೆ ಎಂದು ಹೇಳುತ್ತೇನೆ. ಅವನು ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಆಗ ಕುಡಿಯುತ್ತಿದ್ದ. ರಾತ್ರಿ ಹತ್ತಕ್ಕೆ ಫೋನ್, "ಅಕ್ಕಾ, ಐನೂರು ಹಾಕು." ಹಾಕದಿದ್ದರೆ ಅಳು, ಹಾಕಿದರೆ ನಾಳೆ ಮತ್ತೆ ಫೋನ್. ಬೈದೆ, ಬುದ್ಧಿ ಹೇಳಿದೆ, ಪಂಚಶೀಲದ ಐದನೆಯ ಶೀಲದ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದೆ. ಕೊನೆಗೆ ಮೂರು ಚುಕ್ಕೆ ಒತ್ತಿದೆ. ಆ ರಾತ್ರಿ ನೆಮ್ಮದಿಯ ನಿದ್ದೆ ಬಂತು, ಸುಳ್ಳು ಯಾಕೆ ಹೇಳಲಿ.

ಈಗ ಧಮ್ಮದ ಮಾತಿಗೆ ಬರುತ್ತೇನೆ. ಕಿವಿ, ಶಬ್ದ, ಕೇಳುವ ಅರಿವು, ಈ ಮೂರೂ ಕೂಡಿದಾಗ ಆಗುವುದಕ್ಕೆ ಪಾಲಿಯಲ್ಲಿ 'ಫಸ್ಸ' ಎನ್ನುತ್ತಾರೆ. ಸಂಸ್ಕೃತದಲ್ಲಿ ಸ್ಪರ್ಶ. ಇಂಗ್ಲಿಷ್ ಪುಸ್ತಕಗಳಲ್ಲಿ ಇದೇ ಮಾತಿಗೆ 'ಕಾಂಟ್ಯಾಕ್ಟ್' ಎಂದು ಬರೆದಿರುತ್ತಾರೆ! ನಮ್ಮ ಫೋನಿನಲ್ಲಿ ಹೆಸರುಗಳ ಪಟ್ಟಿಗೂ ಅದೇ ಹೆಸರು. ಸ್ಪರ್ಶದಿಂದ ವೇದನೆ, ವೇದನೆಯಿಂದ ತೃಷ್ಣೆ. ಹಿತವಾದದ್ದು ಇನ್ನೂ ಬೇಕು, ಅಹಿತವಾದದ್ದು ತೊಲಗಬೇಕು. ಸಾಧನೆ ಇರುವುದೆಲ್ಲ ಆ ವೇದನೆಗೂ ತೃಷ್ಣೆಗೂ ನಡುವಿನ ಚಿಕ್ಕ ಜಾಗದಲ್ಲಿ. ಸದ್ದು ಕೇಳಿತು, ಮನಸ್ಸು ಮುದುಡಿತು, 'ಓಹೋ ಮುದುಡಿತು' ಎಂದು ಗಮನಿಸಿದೆ. ಅಷ್ಟು ಮಾಡಿದರೆ ಮುಂದಿನ ಕೊಂಡಿ ತಾನಾಗಿ ಬಿಗಿಯುವುದಿಲ್ಲ.

ಒಬ್ಬೊಬ್ಬರಿಗೆ ಒಂದೊಂದು ಸದ್ದು ಇಟ್ಟಾಗ ನಾನು ಮಾಡಿದ್ದೇನು? ಆ ಚಿಕ್ಕ ಜಾಗವನ್ನೇ ಮುಚ್ಚಿಬಿಟ್ಟೆ. ಕೊಳಲು ಕೇಳಿದರೆ ಮುಖ ಅರಳುತ್ತದೆ, ಸೈರನ್ ಕೇಳಿದರೆ ಕೈ ಬೆವರುತ್ತದೆ. ಅವರು ಇನ್ನೂ ಬಾಯಿ ತೆರೆದಿಲ್ಲ, ನನ್ನ ತೀರ್ಪು ಆಗಿಹೋಗಿದೆ. ತಮ್ಮನ ವಿಷಯದಲ್ಲಂತೂ ಸ್ಪರ್ಶವೇ ಆಗದಂತೆ ಮಾಡಿದೆ. ಇಲ್ಲಿ ಒಂದು ಮಾತು ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ಪರ್ಶ ಬೇಡ ಎಂದು ಯಾರನ್ನು ದೂರ ಇಟ್ಟರೋ ಅವರ ಮೊಮ್ಮಗಳು ನಾನು. ನಮ್ಮನ್ನು ಮುಟ್ಟಿಸಿಕೊಳ್ಳದವರು ಹುಟ್ಟಿನ ಲೆಕ್ಕ ಹಾಕುತ್ತಿದ್ದರು, ನಾನು ಕುಡಿತದ ಲೆಕ್ಕ ಹಾಕಿದೆ, ಎರಡೂ ಒಂದೇ ಎಂದು ಹೇಳುವಷ್ಟು ಸರಳವಲ್ಲ ಇದು, ಗೊತ್ತು. ಆದರೂ ಎದುರಿಗಿರುವವನು ಇವತ್ತು ಏನು ಎಂದು ನೋಡದೆಯೇ ಬಾಗಿಲು ಹಾಕುವ ಅಭ್ಯಾಸ ಇದೆಯಲ್ಲ, ಅದು ಆ ಮನೆಯದೇ.

ಈ ಮೇ ತಿಂಗಳಲ್ಲಿ ಒಂದು ರಾತ್ರಿ ಒಂಬತ್ತರಿಂದ ಒಂಬತ್ತೂ ನಲವತ್ತರ ಒಳಗೆ ಅವನಿಂದ ನಾಲ್ಕು ಮಿಸ್ಡ್ ಕಾಲ್. ಬೆಳಿಗ್ಗೆ ನೋಡಿದೆ, 'ಮತ್ತೆ ಶುರುವಾಯಿತು' ಅಂದುಕೊಂಡು ಬಿಟ್ಟೆ. ಎರಡು ದಿನ ಬಿಟ್ಟು ಮತ್ತೆ ಮೂರು. ವಾಪಸ್ ಮಾಡಲಿಲ್ಲ. ಐದನೆಯ ದಿನ ಅವ್ವ ಫೋನ್ ಮಾಡಿದಳು, ಜೋರಾದ ಗಂಟೆ. ತಮ್ಮನ ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ, ಒಳ್ಳೆಯ ಅಂಕ. ಸೈನ್ಸ್ ಕೊಡಿಸಬೇಕೋ ಕಾಮರ್ಸೋ, ಹಾಸ್ಟೆಲಿಗೆ ಯಾವಾಗ ಅರ್ಜಿ ಹಾಕಬೇಕು, ಅಕ್ಕನನ್ನು ಕೇಳೋಣ ಎಂದು ಅವನು ಫೋನ್ ಮಾಡಿದ್ದ. ಅಕ್ಕ ಎತ್ತಲಿಲ್ಲ. ಅತ್ತಿಗೆಯ ಕಡೆಯವರು ಯಾರೋ, ಹುಡುಗಿಗೆ ಗಾರ್ಮೆಂಟ್ಸ್‌ನಲ್ಲಿ ಕೆಲಸ ಕೊಡಿಸುತ್ತೇವೆ, ಓದಿಸಿ ಏನಾಗಬೇಕು ಎಂದಿದ್ದಾರೆ. ಇವರೂ ಹೂಂ ಎಂದಿದ್ದಾರೆ.

ಅವ್ವ ಇನ್ನೊಂದು ಮಾತು ಹೇಳಿದಳು. ಅವನು ಕುಡಿತ ಬಿಟ್ಟು ಏಳು ತಿಂಗಳಾಗಿದೆ. ಕಳೆದ ಅಕ್ಟೋಬರ್ 14ರಂದು, ಧಮ್ಮಚಕ್ರ ಪ್ರವರ್ತನ ದಿನ, ಜೊತೆ ಕೆಲಸದವರೊಂದಿಗೆ ಅಲ್ಲಿಯ ವಿಹಾರಕ್ಕೆ ಹೋಗಿ ಪಂಚಶೀಲ ತೆಗೆದುಕೊಂಡಿದ್ದಾನೆ. 1956ರಲ್ಲಿ ಅದೇ ದಿನ ನಾಗಪುರದಲ್ಲಿ ಬಾಬಾಸಾಹೇಬರು ನಮ್ಮ ಹಿರಿಯರಿಗೆ ಕೊಟ್ಟಿದ್ದನ್ನು ನನ್ನ ತಮ್ಮ ಅಷ್ಟು ತಡವಾಗಿ ತೆಗೆದುಕೊಂಡ. ಆ ಸಂಜೆ ಮೊದಲು ನನಗೇ ಹೇಳಬೇಕೆಂದು ಫೋನ್ ಮಾಡಿದ್ದನಂತೆ.

ಆ ಮಾತು ಕೇಳಿದ ಮೇಲೆ ನಾನು ಎಷ್ಟು ಹೊತ್ತು ಅಡುಗೆಮನೆಯಲ್ಲೇ ನಿಂತಿದ್ದೆನೋ ಗೊತ್ತಿಲ್ಲ. ಅನಿತ್ಯ ಎಂಬ ಪದವನ್ನು ಈ ಗುಂಪಿನಲ್ಲೇ ನಾನು ಎಷ್ಟು ಸಲ ಬರೆದಿರಬಹುದು! ಎಲೆ ಉದುರುತ್ತದೆ, ದೇಹ ಮುಪ್ಪಾಗುತ್ತದೆ, ಅನಿತ್ಯ. ಆದರೆ ಕೆಟ್ಟವನು ಕೆಟ್ಟವನಾಗಿಯೇ ಉಳಿಯುವುದಿಲ್ಲ, ಅದೂ ಅನಿತ್ಯ ಎಂದು ನನಗೆ ಹೊಳೆದಿರಲಿಲ್ಲ. ರಿಂಗ್‌ಟೋನ್ ಹಾಕಿದ್ದು ಎರಡು ವರ್ಷದ ಹಿಂದಿನ ತಮ್ಮನಿಗೆ. ಫೋನ್ ಮಾಡಿದ್ದು ಬೇರೆ ಒಬ್ಬ.

ಅಂಗುಲಿಮಾಲನ ಕಥೆ ನಮಗೆಲ್ಲ ಗೊತ್ತು. ಅದರಲ್ಲಿ ನಾವು ಬೇಗ ದಾಟಿಹೋಗುವ ಒಂದು ಸನ್ನಿವೇಶವಿದೆ. ಕೋಸಲದ ರಾಜ ಪಸೇನದಿ ಐನೂರು ಕುದುರೆ ಸವಾರರೊಂದಿಗೆ ಅವನನ್ನು ಹಿಡಿಯಲು ಹೊರಟು ದಾರಿಯಲ್ಲಿ ಬುದ್ಧರ ಬಳಿ ಬರುತ್ತಾನೆ. ಅವನು ತಲೆ ಬೋಳಿಸಿ ಚೀವರ ತೊಟ್ಟು ಶೀಲವಂತನಾಗಿದ್ದರೆ ಏನು ಮಾಡುತ್ತೀಯ ಎಂದು ಬುದ್ಧರು ಕೇಳುತ್ತಾರೆ. ನಮಸ್ಕರಿಸಿ ಚೀವರ, ಆಹಾರ ಕೊಡುತ್ತೇನೆ ಎನ್ನುತ್ತಾನೆ ರಾಜ. ಆದರೆ ಅಂಥವನಿಗೆ ಅದೆಲ್ಲಿ ಸಾಧ್ಯ ಎಂದೂ ಸೇರಿಸುತ್ತಾನೆ. ಬುದ್ಧರು ಬಲಗೈ ಚಾಚಿ ತೋರಿಸುತ್ತಾರೆ, ಅಂಗುಲಿಮಾಲ ಅಲ್ಲೇ ಹತ್ತಿರ ಕೂತಿದ್ದಾನೆ. ರಾಜನಿಗೆ ರೋಮಾಂಚ, ಭಯ. ಗಮನಿಸಿ, ಅಲ್ಲಿ ಕೂತ ಭಿಕ್ಷು ಅಲುಗಾಡಿಯೂ ಇಲ್ಲ. ಭಯ ಹುಟ್ಟಿಸಿದ್ದು ಹೆಸರಿನ ಸದ್ದು ಮಾತ್ರ. ಆದರೆ ರಾಜ ಓಡಲಿಲ್ಲ. ಹತ್ತಿರ ಹೋಗಿ ತಂದೆಯ ಗೋತ್ರ ಯಾವುದು, ತಾಯಿಯ ಗೋತ್ರ ಯಾವುದು ಎಂದು ಮಾತಾಡಿಸಿದ, ಚೀವರ ಕೊಡಲು ಮುಂದಾದ. ಊರಿನ ಜನಕ್ಕೆ ಅದು ಆಗಲಿಲ್ಲ. ಮುಂದೆ ಭಿಕ್ಷೆಗೆ ಹೋದ ಅಂಗುಲಿಮಾಲನಿಗೆ ಹೆಂಟೆ, ಕೋಲು, ಹೆಂಚಿನ ಚೂರು ಬಿದ್ದು ತಲೆ ಒಡೆದು ರಕ್ತ ಸುರಿಸಿಕೊಂಡು ಬರುತ್ತಾನೆ. ನಾನು ಇಷ್ಟು ದಿನ ನನ್ನನ್ನು ರಾಜನ ಕಡೆ ಅಂದುಕೊಂಡಿದ್ದೆ.

ಸಿಗಾಲೋವಾದ ಸುತ್ತದಲ್ಲಿ ನಾಲ್ಕು ಅಗತಿಗಳು ಬರುತ್ತವೆ: ಛಂದ, ದ್ವೇಷ, ಮೋಹ, ಭಯ. ಒಲವಿನಿಂದ, ಹಗೆಯಿಂದ, ತಿಳಿಗೇಡಿತನದಿಂದ, ಹೆದರಿಕೆಯಿಂದ ದಾರಿ ತಪ್ಪುವುದು. ನನ್ನ ಫೋನಿನ ಪಟ್ಟಿ ನೋಡಿದರೆ ಎಲ್ಲ ಅಲ್ಲೇ ಸಾಲಾಗಿ ಕೂತಿದ್ದವು. ತಮ್ಮನದು ದ್ವೇಷ. ಭಯದ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಅದು ನಮ್ಮೆಲ್ಲರದು.

ಮೊದಲು ನನ್ನ ಫೋನಿಗೆ ಭೀಮಗೀತೆಯೇ ರಿಂಗ್‌ಟೋನ್ ಆಗಿತ್ತು, ಎಲ್ಲರಿಗೂ. ಬಾಡಿಗೆ ಮನೆ ಹುಡುಕುವ ದಿನಗಳಲ್ಲಿ ಒಂದು ಮನೆಯ ಹಾಲ್‌ನಲ್ಲಿ ಕೂತು ಅಡ್ವಾನ್ಸ್ ಮಾತು ಮುಗಿಯುವ ಹೊತ್ತಿಗೆ ಅದು ಮೊಳಗಿತು. ಮಾಲೀಕರ ಮುಖ ಬದಲಾಯಿತು, ಮನೆ ಬೇರೆಯವರಿಗೆ ಹೇಳಿದ್ದೇವೆ ಎಂದು ನೆನಪಾಯಿತು ಅವರಿಗೆ. ಅಷ್ಟೇ, ನಮಗೆ ಇದು ಹೊಸದಲ್ಲ. ಇದಕ್ಕಿಂತ ದೊಡ್ಡದು 2015ರ ಮೇ ತಿಂಗಳಲ್ಲಿ ಶಿರಡಿಯಲ್ಲಿ ನಡೆಯಿತು. ಮದುವೆಗೆಂದು ಬಂದಿದ್ದ ನಮ್ಮ ಹುಡುಗ, ನರ್ಸಿಂಗ್ ಓದುತ್ತಿದ್ದವನು, ಅವನ ಮೊಬೈಲಿನಲ್ಲಿ ಬಾಬಾಸಾಹೇಬರ ಹಾಡಿನ ರಿಂಗ್‌ಟೋನ್ ಬಂತೆಂದು ಜಗಳ ತೆಗೆದು ಕೊಂದೇಬಿಟ್ಟರು. ಆ ಸುದ್ದಿ ಓದಿದ ರಾತ್ರಿ ನಾನು ರಿಂಗ್‌ಟೋನ್ ತೆಗೆದು ಕಂಪನಿಯ ಟಿಣ್ ಟಿಣ್ ಇಟ್ಟೆ. ಮಗ ಈ ವಿದ್ಯೆ ಕಲಿಸಿದ ಮೇಲೆ ಭೀಮಗೀತೆಯನ್ನು ನಮ್ಮ ಅಧ್ಯಯನ ಮಂಡಲಿಯವರಿಗೆ ಮಾತ್ರ ಇಟ್ಟೆ. ಆಮೇಲೆ ನೀವು ಶಾಲೆಯ ಹೊತ್ತಿನಲ್ಲೂ ಫೋನ್ ಮಾಡುತ್ತೀರಿ, ಸ್ಟಾಫ್ ರೂಮಿನಲ್ಲಿ ತಲೆಗಳು ತಿರುಗುತ್ತವೆ ಎಂದು ನಿಮಗೂ ಟಿಣ್ ಟಿಣ್ ಮಾಡಿದೆ. ಹೌದು, ನಿಮಗೇ. ಅಪಾಯ ನೋಡಿ ಎಚ್ಚರವಾಗಿರುವುದು ತಪ್ಪಲ್ಲ, ಯಾರೂ ಪ್ರಾಣ ಪಣಕ್ಕಿಟ್ಟು ರಿಂಗ್‌ಟೋನ್ ಹಾಕಿ ಎಂದು ನಾನು ಹೇಳುವುದಿಲ್ಲ. ಆದರೆ ನನ್ನ ಸ್ಟಾಫ್ ರೂಮಿನಲ್ಲಿ ಪ್ರಾಣಾಪಾಯ ಇರಲಿಲ್ಲ, ಬರೀ ನೋಟವಿತ್ತು.

ನಮ್ಮ ಕಲಬುರಗಿ ಸೀಮೆಯ ಸನ್ನತಿಯಲ್ಲಿ ಅಶೋಕನ ಶಾಸನದ ಬಂಡೆ ಸಿಕ್ಕಿದ್ದು ದೇವಿಯ ವಿಗ್ರಹದ ಪೀಠವಾಗಿ. ಅಲ್ಲಿಗೆ ಹೋದವರೆಲ್ಲ ಅದನ್ನು ಕೇಳಿದ್ದೀರಿ. ಅದೇ ಅಶೋಕನ ಆರನೆಯ ಬಂಡೆ ಶಾಸನ ಪಕ್ಕದ ಆಂಧ್ರದ ಎರ್ರಗುಡಿಯಲ್ಲಿ ಇದೆ. ನಾನು ಊಟಕ್ಕೆ ಕೂತಿರಲಿ, ಅಂತಃಪುರದಲ್ಲಿರಲಿ, ತೋಟದಲ್ಲಿರಲಿ, ಪ್ರಜೆಗಳ ಸಂಗತಿಯನ್ನು ಯಾವ ಹೊತ್ತಿನಲ್ಲಾದರೂ ತಂದು ತಿಳಿಸಬಹುದು ಎಂಬುದು ಅದರ ತಾತ್ಪರ್ಯ. ಅಷ್ಟು ದೊಡ್ಡ ರಾಜ್ಯ ಆಳುವವನಿಗೆ ಆಗಿದ್ದು, ಮೂವತ್ತೆಂಟು ಮಕ್ಕಳ ತರಗತಿ ನಡೆಸುವ ನನಗೆ ಆಗಲಿಲ್ಲ! ಇಪ್ಪತ್ನಾಲ್ಕು ಗಂಟೆ ಫೋನ್ ಎತ್ತಬೇಕು ಎಂದಲ್ಲ. ಪಾಠ ಮಾಡುವಾಗ, ಧ್ಯಾನಕ್ಕೆ ಕೂತಾಗ ಎಲ್ಲರಿಗೂ ಒಟ್ಟಿಗೆ ಸೈಲೆಂಟ್ ಇಡುವುದು ಬೇರೆ. ಒಬ್ಬನಿಗೆ ಮಾತ್ರ ಇಡುವುದು ಬೇರೆ.

ಅವ್ವ ಹೇಳಿದ ದಿನವೇ ತಮ್ಮನಿಗೆ ಫೋನ್ ಮಾಡಿದೆ. "ಅಕ್ಕಾ, ನೀನು ಬ್ಯುಸಿ ಇರ್ತೀ ಅಂತ ಗೊತ್ತು" ಎಂದ. ನಾನು "ಫೋನ್ ಸೈಲೆಂಟ್‌ನಲ್ಲಿತ್ತು ಕಣೋ" ಎಂದೆ. ಆ ವಾಕ್ಯದಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಆದರೂ ನಾಲ್ಕನೆಯ ಶೀಲ ಮುರಿದದ್ದು ನನಗೆ ಗೊತ್ತಾಯಿತು. ಪ್ರವೇಶದ ದಿನ ಇನ್ನೂ ಮುಗಿದಿರಲಿಲ್ಲ. ಅತ್ತಿಗೆಯೊಂದಿಗೆ ಎರಡು ದಿನ ಮಾತಾಡಬೇಕಾಯಿತು. ಹುಡುಗಿ ಈಗ ಪಿಯುಸಿ ಸೈನ್ಸ್, ನಮ್ಮ ಮನೆಯಲ್ಲೇ ಇದ್ದಾಳೆ.

ರಿಂಗ್‌ಟೋನ್‌ಗಳನ್ನೆಲ್ಲ ತೆಗೆದೆ. ಅವ್ವನ ಗಂಟೆ ಮಾತ್ರ ಉಳಿಸಿದ್ದೇನೆ. ಅವಳಿಗೆ ವಯಸ್ಸಾಗಿದೆ, ರಾತ್ರಿ ನನಗೆ ಎಚ್ಚರವಾಗಬೇಕು, ಅದು ಅಗತಿಯಲ್ಲ, ಅಗತ್ಯ. ಉಳಿದವರಿಗೆಲ್ಲ ಒಂದೇ ಸದ್ದು, ಬುದ್ಧ ವಂದನೆಯ ರಾಗ, ಸ್ಟಾಫ್ ರೂಮಿನಲ್ಲೂ ಅದೇ. ಈಗ ಫೋನ್ ಬಂದರೆ ಯಾರೆಂದು ಗೊತ್ತಾಗುವುದಿಲ್ಲ. ಕೈ ಒರೆಸಿಕೊಂಡು ಹೋಗಿ ನೋಡಬೇಕು. ಒಲೆಯಿಂದ ಮೇಜಿನವರೆಗೆ ಆರೇಳು ಹೆಜ್ಜೆ. ನಮ್ಮ ಉಪಾಸಿಕೆ ಕೇಳಿದ್ದರಲ್ಲ, ವೇದನೆ ಎಲ್ಲಿ ಕಾಣುತ್ತದೆ ಎಂದು. ನನಗೆ ಆ ಆರೇಳು ಹೆಜ್ಜೆಯಲ್ಲಿ ಕಾಣುತ್ತಿದೆ, ದಿನಾ ಅಲ್ಲ, ಒಮ್ಮೊಮ್ಮೆ.

ತಮ್ಮ ಈ ಗುಂಪಿನಲ್ಲಿಲ್ಲ. ಆದರೆ ನಮ್ಮ ಚಿಂತನೆಗಳು ಎಲ್ಲೆಲ್ಲಿಗೋ ಫಾರ್ವರ್ಡ್ ಆಗುತ್ತವೆ. ಬೇರೆಯವರ ಫೋನಿನಲ್ಲಿ ಓದಿ ತಿಳಿಯುವುದು ಬೇಡ ಎಂದು ನಿನ್ನೆ ರಾತ್ರಿ ಇದನ್ನು ಕಳಿಸುವ ಮೊದಲು ಅವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಎರಡು ವರ್ಷ, ಸೈಲೆಂಟ್, ಬೇಕೆಂದೇ ಹಾಕಿದ್ದು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದೆ ಲಾರಿಯಿಂದ ಜಲ್ಲಿ ಸುರಿಯುವ ಸದ್ದು ಕೇಳುತ್ತಿತ್ತು. ಆಮೇಲೆ, "ಆಗ ನಾನೂ ಹಂಗೇ ಇದ್ನಲ್ಲಕ್ಕಾ" ಎಂದ. ಮತ್ತೆ ಕೇಳಿದ, "ಈಗ ಯಾವುದು ಹಾಕೀದಿ ನನಗೆ?"

"ಎಲ್ಲರಿಗೂ ಇರೋದೇ."

"ಹಾಂ, ಅದೇ ಇರ್ಲಿ" ಎಂದು, ಮಗಳ ಬಸ್ ಪಾಸ್ ಬಂತೋ ಇಲ್ಲವೋ ಎಂದು ಕೇಳಲು ಶುರು ಮಾಡಿದ.

ನಮೋ ಬುದ್ಧಾಯ. ಜೈ ಭೀಮ್.