‘ದೇವರ ಚಿತ್ತ’ ಎನ್ನುವ ಹಕ್ಕು ಯಾರಿಗೆ?



ರೋಗಿಯ ಮನೆಗೆ ನಾವು ಬರಿಗೈಯಲ್ಲಿ ಹೋಗುವುದಿಲ್ಲ. ನಾಲ್ಕು ಬಾಳೆಹಣ್ಣು, ಒಂದು ಬಿಸ್ಕಿಟ್ ಪುಡಿಕೆ ಹಿಡಿದು ಹೋಗುತ್ತೇವೆ. ಹಾಸಿಗೆಯ ಪಕ್ಕದಲ್ಲಿ ಕುಳಿತು ಸ್ವಲ್ಪ ಹೊತ್ತು ಸುಮ್ಮನಿರುತ್ತೇವೆ. ಮಾತು ತೋಚದೆ ಹೋದಾಗ ಒಂದು ಮಾತು ತಾನಾಗಿಯೇ ನಾಲಿಗೆಗೆ ಬರುತ್ತದೆ. ಮಂಠಾಳ, ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಳ್ಳಿಗಳಲ್ಲಿ ಅದನ್ನು ಹೀಗೆ ಹೇಳುತ್ತಾರೆ: ‘ಎಲ್ಲಾ ದೇವರ ಇಚ್ಛಾ, ನಮ್ಮ ಕೈಯಾಗ ಏನದ?’ ಹಾಸಿಗೆಯ ಮೇಲಿರುವವರು ಮೆಲ್ಲಗೆ ಉತ್ತರಿಸುತ್ತಾರೆ: ‘ನಾ ಏನ್ ಪಾಪ ಮಾಡೀನೋ ಏನೋ.’

ಈ ಎರಡು ಮಾತುಗಳು ನಮಗೆ ಎಷ್ಟು ರೂಢಿಯಾಗಿವೆಯೆಂದರೆ ಅವುಗಳ ಅರ್ಥವೇನೆಂದು ನಾವು ಯೋಚಿಸುವುದೇ ಇಲ್ಲ. ಆದರೆ ರೋಗಿ ಯೋಚಿಸುತ್ತಾನೆ. ಹಗಲೆಲ್ಲ ಮಾಳಿಗೆಯ ಜಂತೆಗಳನ್ನು ಎಣಿಸುತ್ತ ಮಲಗಿದವನಿಗೆ ಬೇರೆ ಕೆಲಸವೇನಿದೆ? ಇದು ದೇವರ ಚಿತ್ತವಾದರೆ ದೇವರು ನನ್ನ ಮೇಲೆ ಮುನಿದಿದ್ದಾರೆ ಎಂದುಕೊಳ್ಳುತ್ತಾನೆ. ಮುನಿದವರ ಮುಂದೆ ಪ್ರಾರ್ಥಿಸುವುದು ಹೇಗೆ? ಅವರ ಚಿತ್ತಕ್ಕೆ ವಿರುದ್ಧವಾಗಿ ಮಾತ್ರೆ ನುಂಗುವುದಾದರೂ ಏಕೆ? ಸಮಾಧಾನಕ್ಕೆಂದು ನಾವಾಡಿದ ಮಾತು ಅವನಿಂದ ದೇವರನ್ನೂ ಔಷಧವನ್ನೂ ಒಟ್ಟಿಗೆ ದೂರ ಮಾಡಬಹುದು. ಆದ್ದರಿಂದ ಈ ವಾರ ಒಂದು ಪ್ರಶ್ನೆಯನ್ನು ವಿಚಾರ ಮಾಡೋಣ. ಇನ್ನೊಬ್ಬರ ಕಾಯಿಲೆಯನ್ನು ನೋಡಿ ‘ದೇವರ ಚಿತ್ತ’ ಎನ್ನುವ ಹಕ್ಕು ನಮಗಿದೆಯೇ?

ಸಿಲೋವಾಮಿನ ಗೋಪುರ, ಕಿಲ್ಲಾರಿಯ ಗೋಡೆ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಂಟೆ ನಾಲ್ಕಾಗುವ ಮೊದಲೇ, ನಮ್ಮ ನೆರೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಈ ಸೀಮೆಯ ಹಿರಿಯರಿಗೆ ಆ ನಸುಕು ಮರೆಯುವಂಥದ್ದಲ್ಲ. ಲಾತೂರ್ ಮತ್ತು ಇಂದು ಧಾರಾಶಿವ ಎನಿಸಿಕೊಂಡಿರುವ ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು 10,000 ಜನ ಪ್ರಾಣ ಕಳೆದುಕೊಂಡರು. ಹಿಂದಿನ ದಿನವಷ್ಟೇ ಗಣೇಶ ವಿಸರ್ಜನೆ. ಮೆರವಣಿಗೆ ಮುಗಿಸಿ, ದಣಿದು, ದೇವರ ಹೆಸರು ಹೇಳಿ ಮಲಗಿದವರು ಮತ್ತೆ ಏಳಲಿಲ್ಲ.

ಗುರುಮಠಗಳಲ್ಲಿ ತತ್ವಶಾಸ್ತ್ರ ಓದುವಾಗ ಇಂಥದೇ ಇನ್ನೊಂದು ಭೂಕಂಪದ ಪಾಠ ಬರುತ್ತದೆ. 1755ರ ನವೆಂಬರ್ 1, ಸಕಲ ಸಂತರ ಹಬ್ಬ. ಪೋರ್ಚುಗಲ್ಲಿನ ಲಿಸ್ಬನ್ ನಗರದ ಜನ ಬೆಳಗಿನ ಪೂಜೆಗೆ ದೇವಾಲಯಗಳಲ್ಲಿ ನೆರೆದಿದ್ದಾಗಲೇ ಭೂಮಿ ಕಂಪಿಸಿತು. ದೇವಾಲಯಗಳೇ ಭಕ್ತರ ಮೇಲೆ ಕುಸಿದವು. ಪಾಪಿಗಳಿಗೆ ದೇವರು ಕೊಟ್ಟ ಶಿಕ್ಷೆ ಎಂದು ಆಗ ಕೆಲವರು ಬೋಧಿಸಿದರು. ಹಾಗಾದರೆ ಪೂಜೆಗೆ ಹೋದವರನ್ನೇ ಆರಿಸಿಕೊಂಡದ್ದೇಕೆ ಎಂದು ಇನ್ನು ಕೆಲವರು ಕೇಳಿದರು. ಹಬ್ಬ ಆಚರಿಸಿ ಬಂದವರು ಅಲ್ಲಿಯೂ ಸತ್ತರು, ಇಲ್ಲಿಯೂ ಸತ್ತರು. ಶಿಕ್ಷೆಯ ಲೆಕ್ಕ ಎಲ್ಲಿಯೂ ಹೊಂದುವುದಿಲ್ಲ.

ಈ ಲೆಕ್ಕವನ್ನು ಯೇಸುಸ್ವಾಮಿಯವರು ಎಂದೋ ತಳ್ಳಿಹಾಕಿದ್ದಾರೆ. ಸಂತ ಲೂಕರ ಶುಭಸಂದೇಶದ 13ನೆಯ ಅಧ್ಯಾಯವನ್ನು ಓದಿ. ಸಿಲೋವಾಮಿನಲ್ಲಿ ಗೋಪುರ ಕುಸಿದು ಹದಿನೆಂಟು ಜನ ಸತ್ತಿದ್ದರು. ಆ ಹದಿನೆಂಟು ಜನ ಜೆರುಸಲೇಮಿನ ಉಳಿದವರಿಗಿಂತ ಹೆಚ್ಚಿನ ತಪ್ಪಿತಸ್ಥರೇ ಎಂದು ಸ್ವಾಮಿಯವರೇ ಕೇಳಿ, ಖಂಡಿತ ಇಲ್ಲವೆಂದು ತಾವೇ ಉತ್ತರಿಸಿದರು. ಮಾತನ್ನು ಅಲ್ಲಿಗೇ ಬಿಡದೆ, ಬದುಕಿ ಉಳಿದ ನೀವು ಮನಸ್ಸು ತಿರುಗಿಸಿಕೊಳ್ಳಿ ಎಂದು ಎಚ್ಚರಿಸಿದರು. ಸತ್ತವರ ಪಾಪವನ್ನು ಹುಡುಕುತ್ತಿದ್ದವರು ತಮ್ಮನ್ನೇ ನೋಡಿಕೊಳ್ಳಬೇಕಾಯಿತು. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಇವನ ಪಾಪವೋ ಹೆತ್ತವರ ಪಾಪವೋ ಎಂದು ಕೇಳಿದಾಗಲೂ ಎರಡೂ ಅಲ್ಲವೆಂದರು. ಅಷ್ಟು ಹೇಳಿ ಸುಮ್ಮನಾಗದೆ ಮಣ್ಣನ್ನು ಕಲಸಿ ಅವನ ಕಣ್ಣಿಗೆ ಹಚ್ಚಿದರು.

ಕಿಲ್ಲಾರಿಯಲ್ಲಿ ಅಷ್ಟೊಂದು ಜನ ಸತ್ತದ್ದೇಕೆ ಎಂಬುದಕ್ಕೆ ಪರಿಣತರು ಕೊಟ್ಟ ಉತ್ತರ ಸರಳವಾದದ್ದು. ದಪ್ಪನೆಯ ಕಲ್ಲಿನ ಗೋಡೆ, ನಡುವೆ ಬರೀ ಮಣ್ಣಿನ ಗಾರೆ, ಮೇಲೆ ಕಟ್ಟಿಗೆ ಹಾಸಿ ಮಣ್ಣು ಹೇರಿದ ಭಾರವಾದ ಮಾಳಿಗೆ. ನಡುಗಿದ್ದು ಭೂಮಿ, ಆದರೆ ಹೆಚ್ಚಿನವರನ್ನು ಕೊಂದದ್ದು ಅವರ ಮನೆಯೇ. ನಮ್ಮ ಊರುಗಳಲ್ಲೂ ಅಂಥ ಮನೆಗಳು ಎಷ್ಟಿಲ್ಲ? ‘ದೇವರ ಚಿತ್ತ’ ಎಂದು ಕೈಮುಗಿದು ಕುಳಿತಿದ್ದರೆ ಮತ್ತೆ ಅದೇ ಗೋಡೆಯನ್ನೇ ಕಟ್ಟುತ್ತಿದ್ದೆವು. ಅರಿಯಬಹುದಾದ ಕಾರಣದ ಮೇಲೆ ದೇವರ ಹೆಸರನ್ನು ಹೊದಿಸಿದರೆ ದೇವರಿಗೆ ಅಪಚಾರ, ಮನುಷ್ಯನಿಗೆ ಅಪಾಯ.

ಒಂದೇ ಮಾತು, ಎರಡು ಬಾಯಿ

‘ಆದರೆ ಫಾದರ್, ನನ್ನ ಚಿತ್ತವಲ್ಲ, ತಂದೆಯ ಚಿತ್ತ ನೆರವೇರಲಿ ಎಂದು ಸ್ವಾಮಿಯವರೇ ಪ್ರಾರ್ಥಿಸಲಿಲ್ಲವೇ?’ ಎಂದು ನೀವು ಕೇಳಬಹುದು. ಹೌದು, ಪ್ರಾರ್ಥಿಸಿದರು. ಎಲ್ಲಿ? ಗೆತ್ಸೆಮನೆ ತೋಪಿನಲ್ಲಿ. ಯಾರ ಸಂಕಟದ ಬಗ್ಗೆ? ತಮ್ಮದೇ ಸಂಕಟದ ಬಗ್ಗೆ. ಅದಕ್ಕೂ ಮೊದಲು, ಸಾಧ್ಯವಾದರೆ ಈ ಪಾತ್ರೆ ತಮ್ಮಿಂದ ದೂರವಾಗಲಿ ಎಂದು ಬೇಡಿಕೊಂಡರು. ಈಗ ನಾಲ್ಕೂ ಶುಭಸಂದೇಶಗಳನ್ನು ತಿರುವಿ ಹಾಕಿ. ವಾಸಿಮಾಡೆಂದು ತಮ್ಮ ಬಳಿಗೆ ಬಂದ ಒಬ್ಬ ಕುಷ್ಠರೋಗಿಗಾದರೂ, ಒಬ್ಬ ಕುರುಡನಿಗಾದರೂ, ಮಗಳ ಕಾಯಿಲೆಗೆ ಅಳುತ್ತ ಬಂದ ಒಬ್ಬ ತಂದೆಗಾದರೂ ‘ಇದು ದೇವರ ಚಿತ್ತ, ಸಹಿಸಿಕೋ’ ಎಂದು ಸ್ವಾಮಿಯವರು ಹೇಳಿ ಕಳುಹಿಸಿದ್ದುಂಟೇ? ಎಲ್ಲಿಯೂ ಇಲ್ಲ. ತಮ್ಮ ಶಿಲುಬೆಯನ್ನು ಹೊತ್ತರು, ಇತರರ ಶಿಲುಬೆಯನ್ನು ಇಳಿಸಿದರು.

ಸಂತ ಪೌಲರಲ್ಲೂ ಇದನ್ನೇ ಕಾಣುತ್ತೇವೆ. ತಮ್ಮ ಶರೀರದಲ್ಲಿ ನೆಟ್ಟ ಮುಳ್ಳನ್ನು ತೆಗೆದುಬಿಡು ಎಂದು ಅವರು ಮೂರು ಸಲ ಬೇಡಿದರು. ಕೃಪೆಯೇ ಸಾಕೆಂಬ ಉತ್ತರ ಬಂದಾಗ ಅದನ್ನು ಒಪ್ಪಿಕೊಂಡರು. ತಿಮೊಥೇಯನಿಗೆ ಹೊಟ್ಟೆನೋವೆಂದು ತಿಳಿದಾಗ ನಿನಗೂ ಕೃಪೆಯೇ ಸಾಕು ಎಂದು ಬರೆದರೇ? ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಮದ್ದು ಹೇಳಿದರು.

ಆದ್ದರಿಂದ ‘ದೇವರ ಚಿತ್ತ’ ಎಂಬುದು ನೋವನ್ನು ಹೊತ್ತವರ ಮಾತು. ಬಹುದಿನ ನರಳಿ, ಅತ್ತು, ದೇವರೊಡನೆ ಜಗಳವಾಡಿ, ಕಡೆಗೆ ಒಬ್ಬ ರೋಗಿ ‘ಸ್ವಾಮಿ, ನಿನ್ನ ಚಿತ್ತ’ ಎಂದರೆ ಅದು ಪ್ರಾರ್ಥನೆ. ಗಟ್ಟಿಮುಟ್ಟಾಗಿರುವ ನಾವು ಅವರ ತಲೆದಿಂಬಿನ ಬಳಿ ನಿಂತು ಅದೇ ಮಾತನ್ನು ಹೇಳಿದರೆ ಅದು ನುಣುಚಿಕೊಳ್ಳುವ ದಾರಿ. ಅಕ್ಷರ ಒಂದೇ ಆದರೂ ಆಡುವ ಬಾಯಿ ಬೇರೆ.

‘ವಿಶ್ವಾಸ ಸಾಲದು’ ಎನ್ನುವವರಿಗೆ

ಇತ್ತೀಚೆಗೆ ಇನ್ನೊಂದು ಮಾತೂ ಕೇಳಿಬರುತ್ತಿದೆ. ಸ್ವಸ್ಥತೆಯ ಪ್ರಾರ್ಥನಾಕೂಟಗಳಿಗೆ ರೋಗಿಯನ್ನು ಕರೆದೊಯ್ಯುತ್ತಾರೆ. ವಾಸಿಯಾದರೆ ದೇವರಿಗೆ ಸ್ತೋತ್ರ; ವಾಸಿಯಾಗದಿದ್ದರೆ ‘ನಿಮಗೆ ವಿಶ್ವಾಸ ಸಾಲದು’ ಎನ್ನುತ್ತಾರೆ. ರೋಗಿಗಾಗಿ ಪ್ರಾರ್ಥಿಸುವುದು ಧರ್ಮಸಭೆಯ ಕರ್ತವ್ಯವೇ ಹೌದು. ಆದರೆ ಈ ತೀರ್ಪು ಶುಭಸಂದೇಶದ್ದಲ್ಲ. ಜೆರುಸಲೇಮಿನ ಕೊಳದ ಬಳಿ ಬಿದ್ದಿದ್ದ, ಮೂವತ್ತೆಂಟು ವರ್ಷ ಕಾಯಿಲೆಯಿಂದ ನರಳಿದ್ದ ರೋಗಿಗೆ ತನ್ನನ್ನು ಗುಣಪಡಿಸಿದವರು ಯಾರೆಂಬುದೇ ತಿಳಿದಿರಲಿಲ್ಲ ಎಂದು ಸಂತ ಯೊವಾನ್ನರು ಬರೆಯುತ್ತಾರೆ.

ಕಫೆರ್ನವುಮಿನ ಪಾರ್ಶ್ವವಾಯು ರೋಗಿಯ ಕಥೆ ಇನ್ನೂ ಸ್ಪಷ್ಟ. ನಾಲ್ಕು ಜನ ಅವನನ್ನು ಹೊತ್ತು ತಂದರು. ಬಾಗಿಲಲ್ಲಿ ಜನಸಂದಣಿ. ಮಾಳಿಗೆ ಹತ್ತಿ, ಅಗೆದು, ಕಿಂಡಿ ಮಾಡಿ ಅವನನ್ನು ಕೆಳಗಿಳಿಸಿದರು. ಮಣ್ಣಿನ ಮಾಳಿಗೆಯ ಕೆಳಗೆ ಬೆಳೆದ ನಮಗೆ ಅದು ಎಂಥ ಕೆಲಸವೆಂದು ಗೊತ್ತು: ಧೂಳು, ಬೈಗುಳ, ಆಮೇಲೆ ಮನೆಯವರಿಗೆ ಮಾಳಿಗೆ ಸರಿಮಾಡಿಕೊಡುವ ಖರ್ಚು! ಸಂತ ಮಾರ್ಕರು ಬರೆಯುವಂತೆ, ಯೇಸುಸ್ವಾಮಿಯವರು ನೋಡಿದ್ದು ಹೊತ್ತು ತಂದ ಅವರೆಲ್ಲರ ವಿಶ್ವಾಸವನ್ನು. ಮಲಗಿದವನು ಒಂದು ಮಾತನ್ನೂ ಆಡಿದಂತೆ ಕಾಣುವುದಿಲ್ಲ. ಹಾಗಾಗಿ ವಿಶ್ವಾಸ ಸಾಲದೆಂದು ಅಳೆಯಲೇಬೇಕಾದರೆ ಮೊದಲು ಹೊರುವವರದನ್ನು ಅಳೆಯೋಣ.

ಲೂರ್ದು ಮಾತೆಯ ಭಕ್ತರು ನಮ್ಮಲ್ಲಿ ಅನೇಕರಿದ್ದಾರೆ. 1858ರ ಫೆಬ್ರವರಿ 11ರಂದು ಮಾತೆಯ ಮೊದಲ ದರ್ಶನ ಪಡೆದ ಬರ್ನದೆತ್ ಸ್ವತಃ ರೋಗಿಷ್ಠೆ. ಉಬ್ಬಸ, ಆಮೇಲೆ ಕ್ಷಯ. 1879ರಲ್ಲಿ, 35ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರಿಗೆ ವಿಶ್ವಾಸ ಸಾಲದಾಗಿತ್ತೇ? ಲೂರ್ದಿಗೆ ವರ್ಷವರ್ಷವೂ ಲಕ್ಷಾಂತರ ಯಾತ್ರಿಕರು ಹೋಗುತ್ತಾರೆ. ಇಷ್ಟು ಕಾಲದಲ್ಲಿ ಧರ್ಮಸಭೆ ಅದ್ಭುತವೆಂದು ಸಾರಿದ ಗುಣಪಡಿಕೆಗಳು ಸುಮಾರು 70 ಮಾತ್ರ. ಅವನ್ನೂ ವೈದ್ಯರು ಪರೀಕ್ಷಿಸಿದ ಮೇಲೆಯೇ. ಬಾಲಯೇಸುವಿನ ಸಂತ ತೆರೇಸಾ 1897ರಲ್ಲಿ ಕೇವಲ 24ನೆಯ ವಯಸ್ಸಿನಲ್ಲಿ ಕ್ಷಯಕ್ಕೆ ಬಲಿಯಾದರು. ಆಗ ಆ ರೋಗಕ್ಕೆ ಔಷಧವೇ ಇರಲಿಲ್ಲ. ಇಂದು ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ. ತೆರೇಸಮ್ಮನವರ ಪಟಕ್ಕೆ ಹೂಮಾಲೆ ಹಾಕಿ, ಮನೆಯ ಕ್ಷಯರೋಗಿಯ ಮಾತ್ರೆಯನ್ನು ನಡುವೆಯೇ ನಿಲ್ಲಿಸಿದರೆ ಅದು ಭಕ್ತಿಯಾದೀತೇ? ವೈದ್ಯನನ್ನು ಗೌರವಿಸಬೇಕು, ಭೂಮಿಯಿಂದ ಔಷಧವನ್ನು ಹುಟ್ಟಿಸಿದವರು ದೇವರೇ ಎಂದು ನಮ್ಮ ಪವಿತ್ರ ಗ್ರಂಥದ ಸಿರಾಖನೇ 38ನೆಯ ಅಧ್ಯಾಯದಲ್ಲಿ ಕಲಿಸಿದ್ದಾನೆ.

ಹಾಗಾದರೆ ಏಕೆ?

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ದೇವರು ಪ್ರೀತಿಸ್ವರೂಪರು, ಸರ್ವಶಕ್ತರು. ಆದರೂ ಹಸುಗೂಸಿಗೆ ಕ್ಯಾನ್ಸರ್ ಏಕೆ? ದೇವರು ಕೇಡನ್ನು ಇಚ್ಛಿಸುವುದಿಲ್ಲ, ಆದರೆ ಅನುಮತಿಸುತ್ತಾರೆ. ಕೇಡಿನಿಂದಲೂ ಒಳಿತನ್ನು ತರಬಲ್ಲರು ಎಂದು ಧರ್ಮಸಭೆ ಬೋಧಿಸುತ್ತದೆ. ಇದು ಸತ್ಯವಾದ ಬೋಧನೆ. ಆದರೆ ಮಗುವನ್ನು ಮಣ್ಣಿಗಿಟ್ಟು ಬಂದ ತಾಯಿಗೆ ಅಂದೇ ಸಂಜೆ ಹೇಳುವ ಮಾತಲ್ಲ. ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಮೌನವಾಗಿ ಕುಳಿತರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದು ಅವನ ಪಾಪವನ್ನು ವಿವರಿಸತೊಡಗಿದಾಗ ಕೆಟ್ಟರು. ಕಡೆಯಲ್ಲಿ ದೇವರು ಕೋಪಿಸಿಕೊಂಡದ್ದು ದೇವರನ್ನು ಸಮರ್ಥಿಸಿಕೊಂಡ ಆ ಗೆಳೆಯರ ಮೇಲೆ. ಪ್ರಶ್ನೆಯ ಮೇಲೆ ಪ್ರಶ್ನೆ ಎಸೆದ ಯೋಬನೇ ಸರಿಯಾಗಿ ಮಾತನಾಡಿದವನೆಂದು ದೇವರು ಹೇಳಿದರು.

ಶಿಲುಬೆಯ ಮೇಲೆ ಯೇಸುಸ್ವಾಮಿಯವರೂ ‘ಏಕೆ’ ಎಂದು ಕೂಗಿದರು. ಆಕಾಶದಿಂದ ವಿವರಣೆ ಬರಲಿಲ್ಲ. ಮೂರನೆಯ ದಿನ ಬಂದದ್ದು ಪುನರುತ್ಥಾನ. ಪುನರುತ್ಥಾನರಾದ ಆ ದೇಹದಲ್ಲೂ ಗಾಯಗಳು ಅಳಿಸಿರಲಿಲ್ಲ. ಕ್ರೈಸ್ತ ವಿಶ್ವಾಸವು ನೋವಿಗೆ ವಿವರಣೆಯನ್ನು ಕೊಡುವುದಕ್ಕಿಂತ ಹೆಚ್ಚಾಗಿ ನೋವಿನಲ್ಲಿ ಜೊತೆಗಾರರನ್ನು ಕೊಡುತ್ತದೆ. ಆದ್ದರಿಂದ ‘ಏಕೆ’ ಎಂದು ಕೇಳುವ ರೋಗಿಯನ್ನು ಅವಿಶ್ವಾಸಿ ಎನ್ನಬೇಡಿ. ಅವನು ಸ್ವಾಮಿಯವರ ಪ್ರಾರ್ಥನೆಯನ್ನೇ ಮಾಡುತ್ತಿದ್ದಾನೆ.

ಜಗದ್ಗುರು ಎರಡನೆಯ ಜಾನ್ ಪಾಲರು 1981ರಲ್ಲಿ ಗುಂಡೇಟು ತಿಂದು ಬದುಕಿದವರು. 1984ರ ಫೆಬ್ರವರಿ 11ರಂದು ಅವರು ನೋವಿನ ಕ್ರೈಸ್ತ ಅರ್ಥದ ಬಗ್ಗೆ ಪ್ರೇಷಿತ ಪತ್ರ ಬರೆದರು. ನೋವನ್ನು ಕ್ರಿಸ್ತರೊಡನೆ ಕೂಡಿಸಿ ಅರ್ಪಿಸುವುದನ್ನೂ, ನೋವಿನಲ್ಲಿರುವವರಿಗೆ ಸಮಾರಿಯದವನಂತೆ ನೆರವಾಗುವುದನ್ನೂ ಅವರು ಒಂದೇ ಪಾಠದ ಎರಡು ಮುಖಗಳೆಂದು ಕಂಡರು. ನಮ್ಮ ದೇಶದ ಸಂತ ಅಲ್ಫೋನ್ಸಮ್ಮನವರು ಕಾಯಿಲೆಯಲ್ಲೇ ಬಾಳಿ 1946ರಲ್ಲಿ, 36ನೆಯ ವಯಸ್ಸು ತುಂಬುವ ಮೊದಲೇ ತೀರಿಕೊಂಡರು. ಅವರು ಆ ನೋವನ್ನು ಕಾಣಿಕೆಯಾಗಿ ಅರ್ಪಿಸಿದರು. ಕಾಣಿಕೆಯನ್ನು ಕೊಡುವವರೇ ಕೊಡಬೇಕು. ಇನ್ನೊಬ್ಬರ ಜೇಬಿನಿಂದ ತೆಗೆದು ಹುಂಡಿಗೆ ಹಾಕಿದರೆ ಅದು ಕಾಣಿಕೆಯಾಗುವುದಿಲ್ಲ.

ನಮ್ಮ ಪಾಲಿನ ಕೆಲಸ

ಹಾಗಾದರೆ ರೋಗಿಯ ಮನೆಯಲ್ಲಿ ಏನು ಹೇಳಬೇಕು? ಕಡಿಮೆ ಹೇಳಿ, ಹೆಚ್ಚು ಹೊತ್ತು ಕುಳಿತಿರಿ. ಅವರು ಅತ್ತರೆ ಅಳಲು ಬಿಡಿ. ಅವರೊಡನೆ ಜಪಸರ ಹೇಳಿ, ಅವರಿಗೆ ಶಕ್ತಿಯಿಲ್ಲದಿದ್ದರೆ ಅವರ ಪರವಾಗಿ ಹೇಳಿ. ಏಳುವ ಮೊದಲು ಒಂದು ಪ್ರಶ್ನೆ ಕೇಳಿ: ‘ನಾಳೆ ಏನು ಬೇಕು?’ ಕಲಬುರಗಿಗೋ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಬೇಕಾದರೆ ಜೊತೆಗೆ ಒಬ್ಬರು ಬೇಕು. ಆಸ್ಪತ್ರೆಯ ಚೀಟಿ ಓದಿ ಹೇಳುವವರು ಬೇಕು. ಅವರ ಹೊಲದ ತೊಗರಿ ರಾಶಿ ಮಾಡುವವರು, ಮಕ್ಕಳಿಗೆ ರೊಟ್ಟಿ ಬಡಿದು ಕೊಡುವವರು ಬೇಕು. ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಿದೆ. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆ 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ ಅದನ್ನು 1000ಕ್ಕೆ ಏರಿಸಿದ್ದಾರೆ. ಸಾಲ ಮಾಡುವ, ಆಡು ಮಾರುವ ಮೊದಲು ಇದನ್ನು ಅವರಿಗೆ ತಿಳಿಸಿಕೊಡುವುದೂ ಪುಣ್ಯದ ಕೆಲಸವೇ.

ಇನ್ನೊಂದು ವಿನಂತಿ. ರೋಗಿಗೆ ಅಭ್ಯಂಗ ಕೊಡಿಸಲು ಗುರುಗಳನ್ನು ಕರೆಸಿದರೆ ‘ಸಾವು ಹತ್ತಿರ ಬಂತು’ ಎಂದು ಮನೆಯವರು ಹೆದರುತ್ತಾರೆ. ಉಸಿರು ಎಳೆಯುವವರೆಗೆ ಕಾಯುತ್ತಾರೆ. ಅದು ಸಾಯುವವರಿಗಷ್ಟೇ ಮೀಸಲಾದ ಸಂಸ್ಕಾರವಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಸ್ಪಷ್ಟಪಡಿಸಿತು. 1972ರಲ್ಲಿ ಜಗದ್ಗುರು ಆರನೆಯ ಪಾಲರು ಅದರ ವಿಧಿಯನ್ನೇ ನವೀಕರಿಸಿದರು. ದೊಡ್ಡ ಕಾಯಿಲೆ ಕಂಡಾಗ, ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆ, ಮುಪ್ಪಿನಲ್ಲಿ ಶಕ್ತಿ ಕುಂದಿದಾಗ ಕರೆಸಿ. ರೋಗಿಗೆ ಎಚ್ಚರವಿರುವಾಗ, ಅವರೇ ‘ಆಮೆನ್’ ಎನ್ನಬಲ್ಲಾಗ ಕರೆಸಿ. ಹಣೆಗೂ ಅಂಗೈಗೂ ಎಣ್ಣೆ ಹಚ್ಚುವಾಗ ಮನೆಯವರೆಲ್ಲ ಸುತ್ತ ನಿಂತಿರಲಿ. ಧರ್ಮಸಭೆ ಆ ಹಾಸಿಗೆಯ ಬಳಿಗೆ ಬಂದಿದೆಯೆಂದು ಅವರಿಗೆ ತಿಳಿಯಲಿ.

ನಿಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ರೋಗಿಯಿದ್ದಾರೆ ಎಂಬುದು ನನಗಿಂತ ಚೆನ್ನಾಗಿ ನಿಮಗೆ ಗೊತ್ತು. ಮಂಚಕ್ಕೆ ನಾಲ್ಕು ಕಾಲು, ಹೊರಲು ನಾಲ್ಕು ಜನ ಸಾಕು. ಈ ಭಾನುವಾರ ಪೂಜೆ ಮುಗಿದ ಮೇಲೆ ಆ ನಾಲ್ವರು ಯಾರೆಂದು ನಿಮ್ಮನಿಮ್ಮಲ್ಲೇ ಮಾತನಾಡಿಕೊಳ್ಳಿ. ದೇವರ ಚಿತ್ತವೇನೆಂದು ರೋಗಿ ನಿಧಾನವಾಗಿ ತನ್ನ ಪ್ರಾರ್ಥನೆಯಲ್ಲಿ ಕಂಡುಕೊಳ್ಳಲಿ. ನಮ್ಮ ಬಗ್ಗೆ ದೇವರ ಚಿತ್ತವೇನೆಂಬುದು ಮಾತ್ರ ಈಗಾಗಲೇ ಸ್ಪಷ್ಟವಾಗಿದೆ.